ಪೆಟ್ರೋಲ್ ಹೊತ್ತು ಯುದ್ಧಕ್ಕೆ ಹೋದ ಹಡಗುಗಳು

ಕೇಳುಗರಿಗೆ ನಮಸ್ಕಾರ.

1942ರ ಮೇ 8. ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರ. ಅಮೆರಿಕದ ವಿಮಾನವಾಹಕ ನೌಕೆ ಲೆಕ್ಸಿಂಗ್ಟನ್‌ಗೆ ಬೆಳಿಗ್ಗೆ 11 ಗಂಟೆ ದಾಟಿದ ಮೇಲೆ ಎಡಬದಿಗೆ ಜಪಾನಿ ವಿಮಾನಗಳು ಬಿಟ್ಟ ಎರಡು ಟಾರ್ಪಿಡೊ ಬಡಿದವು, ಮೇಲಿನಿಂದ ಎರಡು ಬಾಂಬು ಬಿದ್ದವು. ಒಂದು ಗಂಟೆಯೊಳಗೆ ನಾವಿಕರು ಬೆಂಕಿ ಆರಿಸಿದರು. ವಾಲಿದ್ದ ಹಡಗನ್ನು ನೆಟ್ಟಗೆ ಮಾಡಿದರು. ಹಡಗು 25 ನಾಟ್, ಎಂದರೆ ಗಂಟೆಗೆ ಸುಮಾರು 46 ಕಿಲೋಮೀಟರ್ ವೇಗದಲ್ಲಿ ಓಡುತ್ತಿತ್ತು, ಹಿಂದಿರುಗಿದ ವಿಮಾನಗಳನ್ನು ಇಳಿಸಿಕೊಳ್ಳುತ್ತಿತ್ತು. ಗಂಡಾಂತರ ಕಳೆಯಿತು ಎಂದೇ ಎಲ್ಲರೂ ಅಂದುಕೊಂಡರು. 12 ಗಂಟೆ 47 ನಿಮಿಷಕ್ಕೆ ಹಡಗಿನ ಒಡಲಿನಿಂದಲೇ ಭಾರಿ ಸ್ಫೋಟವಾಯಿತು. ಮಧ್ಯಾಹ್ನ ಮತ್ತೆ ಸ್ಫೋಟಗಳು. ಸಂಜೆ ಐದರ ಹೊತ್ತಿಗೆ ಹಡಗು ಬಿಡಬೇಕಾಯಿತು. ಕೊನೆಗೆ ಅಮೆರಿಕದ್ದೇ ಡಿಸ್ಟ್ರಾಯರ್ ಎಂಬ ಚಿಕ್ಕ, ವೇಗದ ಕಾವಲು ಹಡಗೊಂದು ಟಾರ್ಪಿಡೊ ಹೊಡೆದು ಅದನ್ನು ಮುಳುಗಿಸಿತು. 216 ಜನ ಸತ್ತರು.

ಆದದ್ದು ಇಷ್ಟು. ಟಾರ್ಪಿಡೊದ ಆಘಾತಕ್ಕೆ ವಿಮಾನದ ಪೆಟ್ರೋಲ್ ತುಂಬಿದ್ದ ಟ್ಯಾಂಕುಗಳು ಬಿರುಕು ಬಿಟ್ಟಿದ್ದವು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಹರಿದು ಮೂಲೆಮೂಲೆಯಲ್ಲಿ ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಒಂದೂವರೆ ಪಾಲು ಮುಟ್ಟಿದರೆ ಸಾಕು, ಒಂದು ಕಿಡಿಗೆ ಇಡೀ ಕೋಣೆ ಸಿಡಿಯುತ್ತದೆ. ಲೆಕ್ಸಿಂಗ್ಟನ್‌ನಲ್ಲಿ ಆ ಕಿಡಿ ಬಂದದ್ದು ಚಾಲೂ ಇದ್ದ ವಿದ್ಯುತ್ ಯಂತ್ರಗಳಿಂದ.

ಪೆಸಿಫಿಕ್ ಯುದ್ಧ ಎಂದರೆ ನಮಗೆ ನೆನಪಾಗುವುದು ವಿಮಾನಗಳು, ಬಾಂಬುಗಳು, ಅಡ್ಮಿರಲ್‌ಗಳು. ವಿಮಾನವಾಹಕ ನೌಕೆಗಳ ಅಳಿವು ಉಳಿವನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಪೆಟ್ರೋಲ್ ಎಂಬುದು ನನ್ನ ಅಭಿಪ್ರಾಯ. ಅದನ್ನು ಹೊತ್ತೊಯ್ಯುವುದು, ತುಂಬುವುದು, ಬೆಂಕಿ ತಾಗದಂತೆ ಕಾಯುವುದು. ವಿಮಾನವಾಹಕಗಳು ಮತ್ತು ಅವುಗಳ ಕಾವಲು ಹಡಗುಗಳು ಸೇರಿದ ಅಮೆರಿಕದ ಕಾರ್ಯಪಡೆಗಳ ಕಥೆಯನ್ನು ಇವತ್ತು ಆ ದಾರಿಯಲ್ಲೇ ಹೇಳುತ್ತೇನೆ.

ಕೋರಲ್ ಸಮುದ್ರದಲ್ಲಿ ಲೆಕ್ಸಿಂಗ್ಟನ್ ಜೊತೆಗಿದ್ದ ಯಾರ್ಕ್‌ಟೌನ್‌ನಲ್ಲಿ ಆಸ್ಕರ್ ಮೈಯರ್ಸ್ ಎಂಬ ಅಧಿಕಾರಿ ಪೆಟ್ರೋಲ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದರು. ಅವರು ಸೂಚಿಸಿದ ಉಪಾಯ ಸರಳ. ದಾಳಿ ಬರುತ್ತಿದೆ ಎಂದು ತಿಳಿದ ಕೂಡಲೇ ವಿಮಾನಗಳಿಗೆ ಪೆಟ್ರೋಲ್ ತುಂಬುವುದನ್ನು ನಿಲ್ಲಿಸಬೇಕು. ಕೊಳವೆಗಳಲ್ಲಿ ಉಳಿದ ಪೆಟ್ರೋಲನ್ನು ಕೆಳಗಿನ ಟ್ಯಾಂಕಿಗೆ ಇಳಿಸಿಬಿಡಬೇಕು. ಖಾಲಿಯಾದ ಕೊಳವೆಗಳಿಗೆ ಇಂಗಾಲದ ಡೈಆಕ್ಸೈಡ್ ತುಂಬಬೇಕು. ಆ ಅನಿಲ ಉರಿಯುವುದಿಲ್ಲ, ಉರಿಯಲು ಬಿಡುವುದೂ ಇಲ್ಲ. ಒಂದು ತಿಂಗಳೂ ಆಗಿರಲಿಲ್ಲ, ಜೂನ್ 4ರಂದು ಮಿಡ್‌ವೇ ಕದನದಲ್ಲಿ ಇದು ಪರೀಕ್ಷೆಗೆ ಬಂತು. ದಾಳಿಗೆ ಮುಂಚೆ ಕೊಳವೆಗಳನ್ನು ಬರಿದು ಮಾಡಿ ಅನಿಲ ತುಂಬಿದರು, 800 ಗ್ಯಾಲನ್ನಿನ ಒಂದು ಪೆಟ್ರೋಲ್ ಟ್ಯಾಂಕನ್ನು ಸಮುದ್ರಕ್ಕೇ ತಳ್ಳಿದರು. ಮೂರು ಬಾಂಬು ಬಿದ್ದರೂ ದೊಡ್ಡ ಬೆಂಕಿ ಹೊತ್ತಲಿಲ್ಲ. ಯಾರ್ಕ್‌ಟೌನ್ ಕೊನೆಗೆ ಟಾರ್ಪಿಡೊಗಳಿಗೆ ಸಿಕ್ಕಿ ಜೂನ್ 7ರಂದು ಮುಳುಗಿತು, ನಿಜ. ಆದರೆ ಅದನ್ನು ಕೊಂದದ್ದು ಪೆಟ್ರೋಲ್ ಅಲ್ಲ. ಆ ಜೂನ್ 4ರಂದೇ ಎದುರು ಪಾಳೆಯದ ಜಪಾನಿನ ವಿಮಾನವಾಹಕಗಳಾದ ಅಕಾಗಿ, ಕಾಗಾ, ಸೋರ್ಯುಗಳಲ್ಲಿ, ಡೆಕ್ ಕೆಳಗೆ ವಿಮಾನ ನಿಲ್ಲಿಸುವ ಮುಚ್ಚಿದ ಹ್ಯಾಂಗರ್‌ಗಳಲ್ಲಿ ಪೆಟ್ರೋಲ್ ತುಂಬಿದ ವಿಮಾನಗಳು ನಿಂತಿದ್ದವು, ಬಾಂಬುಗಳು ಅಲ್ಲಲ್ಲೇ ಉಳಿದಿದ್ದವು. ಕೆಲವೇ ಬಾಂಬು ಬಿದ್ದು ಮೂರೂ ಹಡಗು ಒಳಗಿನಿಂದ ಉರಿದುಹೋದವು.

ಆ ವರ್ಷ ಅಮೆರಿಕ ಪೆಸಿಫಿಕ್‌ನಲ್ಲಿ ನಾಲ್ಕು ದೊಡ್ಡ ವಿಮಾನವಾಹಕ ನೌಕೆಗಳನ್ನು ಕಳೆದುಕೊಂಡಿತು. ಲೆಕ್ಸಿಂಗ್ಟನ್, ಯಾರ್ಕ್‌ಟೌನ್, ವಾಸ್ಪ್, ಹಾರ್ನೆಟ್. ಮುಂದೆ ಯುದ್ಧ ಮುಗಿಯುವವರೆಗೆ ಅಂಥ ದೊಡ್ಡ ನೌಕೆ ಒಂದೂ ಮುಳುಗಲಿಲ್ಲ. ಹಗುರ ನೌಕೆಗಳಲ್ಲಿ ಪ್ರಿನ್ಸ್‌ಟನ್ ಒಂದು ಹೋಯಿತು.

1942ರ ಡಿಸೆಂಬರ್ 31ರಂದು ಎಸೆಕ್ಸ್ ಎಂಬ ಹೊಸ ನೌಕೆ ಸೇವೆಗೆ ಸೇರಿತು. ಅದೇ ಮಾದರಿಯ 24 ನೌಕೆಗಳು ಕಟ್ಟಲ್ಪಟ್ಟವು. ಉದ್ದ 872 ಅಡಿ, ಎಂದರೆ ಸುಮಾರು 266 ಮೀಟರ್. ನಮ್ಮ ಇಂದಿನ ಐಎನ್ಎಸ್ ವಿಕ್ರಾಂತ್ 262 ಮೀಟರ್ ಇದೆ, ಹೋಲಿಸಿ ನೋಡಿ. ವೇಗ 33 ನಾಟ್, ಸುಮಾರು 90 ವಿಮಾನ, ಎರಡು ಲಕ್ಷ ಗ್ಯಾಲನ್‌ಗೂ ಮೀರಿದ ವಿಮಾನ ಪೆಟ್ರೋಲ್. ಇಷ್ಟನ್ನು ಇಟ್ಟ ಬಗೆ ನೋಡಬೇಕು. ಟ್ಯಾಂಕಿನಿಂದ ಪೆಟ್ರೋಲ್ ಮೇಲಕ್ಕೆ ಹೋದಷ್ಟೂ ಕೆಳಗಿನಿಂದ ಸಮುದ್ರದ ನೀರು ಒಳಬಂದು ಆ ಜಾಗ ತುಂಬುತ್ತದೆ. ಪೆಟ್ರೋಲ್ ನೀರಿಗಿಂತ ಹಗುರ, ಮೇಲೆಯೇ ತೇಲುತ್ತದೆ. ಟ್ಯಾಂಕಿನಲ್ಲಿ ಬರಿದಾದ ಜಾಗವೇ ಇಲ್ಲದಿದ್ದರೆ ಆವಿ ಕೂಡಲು ಎಡೆಯಿಲ್ಲ. ಹ್ಯಾಂಗರ್‌ನ ಪಕ್ಕಗಳು ತೆರೆದಿದ್ದವು, ಬೇಕಾದಾಗ ಇಳಿಸುವ ಸುರುಳಿ ಬಾಗಿಲುಗಳಿದ್ದವು. ಹೀಗಾಗಿ ಆವಿ ಹೊರಗೆ ಹೋಗುತ್ತಿತ್ತು, ಬೆಂಕಿ ಹತ್ತಿದ ವಿಮಾನವನ್ನು ಹೊರಗೆ ತಳ್ಳಬಹುದಿತ್ತು. ಬೆಂಕಿ ಆರಿಸುವ ಕೊಳವೆಯ ತುದಿಗೆ ನೀರನ್ನು ಮಂಜಿನಂತೆ ಸಿಡಿಸುವ ಮೂತಿ ಬಂತು. ನೀರಿನ ಗಟ್ಟಿ ಧಾರೆ ಬಿದ್ದರೆ ಉರಿಯುವ ಪೆಟ್ರೋಲ್ ಇನ್ನಷ್ಟು ಹರಡುತ್ತದೆ. ನುಣ್ಣನೆಯ ಹನಿಗಳಾದರೆ ಶಾಖ ಹೀರಿ, ಆವಿಯಾಗಿ, ಬೆಂಕಿಯ ಉಸಿರು ಕಟ್ಟಿಸುತ್ತವೆ. ಜೊತೆಗೆ ನೊರೆ, ಹಡಗಿನ ವಿದ್ಯುತ್ ಕೈಕೊಟ್ಟರೂ ನಡೆಯುವ ಎತ್ತೊಯ್ಯುವ ಪಂಪುಗಳು. ಅದಕ್ಕಿಂತ ಮುಖ್ಯವಾಗಿ, ನಾವಿಕರಿಗೆ ನಿಜವಾದ ಎಣ್ಣೆ ಬೆಂಕಿ ಹಚ್ಚಿ ಕಲಿಸುವ ಶಾಲೆಗಳು.

ಬೆಂಕಿ ಆರಿಸುವುದಕ್ಕಿಂತ ಅದು ಹತ್ತಿರ ಬಾರದಂತೆ ತಡೆಯುವುದು ಲೇಸು. ಕಾರ್ಯಪಡೆಯ ರಚನೆ ಇದ್ದದ್ದೇ ಅದಕ್ಕೆ. 1944ರ ಜೂನ್ ಹೊತ್ತಿಗೆ ಅಡ್ಮಿರಲ್ ಮಾರ್ಕ್ ಮಿಟ್ಷರ್ ನಡೆಸುತ್ತಿದ್ದ 58ನೇ ಕಾರ್ಯಪಡೆಯಲ್ಲಿ 15 ವಿಮಾನವಾಹಕ ನೌಕೆಗಳಿದ್ದವು. ಏಳು ದೊಡ್ಡವು, ಎಂಟು ಹಗುರ. ವಿಮಾನಗಳು ಒಟ್ಟು 900ರ ಆಸುಪಾಸು. ಇವನ್ನು ನಾಲ್ಕು ಗುಂಪು ಮಾಡಿದ್ದರು. ಪ್ರತಿ ಗುಂಪಿನ ನಡುವೆ ಮೂರು ನಾಲ್ಕು ವಿಮಾನವಾಹಕಗಳು, ಅವುಗಳ ಸುತ್ತ ಕ್ರೂಸರ್ ಎಂಬ ನಡುಗಾತ್ರದ ಹಡಗುಗಳ ಬಳೆ, ಅದರಾಚೆ ಡಿಸ್ಟ್ರಾಯರ್‌ಗಳ ಬಳೆ. ಭಾರಿ ತೋಪುಗಳ ಬ್ಯಾಟಲ್‌ಶಿಪ್‌ಗಳದ್ದೇ ಐದನೆಯ ಗುಂಪು. ಅದನ್ನು ಶತ್ರು ಬರುವ ದಿಕ್ಕಿಗೆ ಮುಂದೆ ನಿಲ್ಲಿಸಿದ್ದರು. ಗುಂಪು ಗುಂಪಿಗೆ 12ರಿಂದ 15 ಮೈಲಿ ಅಂತರ.

ವೃತ್ತವೇ ಏಕೆ? ವಿಮಾನ ಹಾರಿಸಲು, ಇಳಿಸಲು ನೌಕೆ ಗಾಳಿಗೆ ಎದುರಾಗಿ ಓಡಬೇಕು. ಡೆಕ್ ಮೇಲೆ ಸುಮಾರು 30 ನಾಟ್ ಗಾಳಿ ಬೀಸುತ್ತಿರಬೇಕು. ದಿನಕ್ಕೆ ಹತ್ತಾರು ಸಲ ತಿರುಗಬೇಕು. ಸಾಲಾಗಿ ಓಡುವ ಹಡಗುಗಳು ತಿರುಗುವಾಗ ಸಾಲು ಕೆಡುತ್ತದೆ. ವೃತ್ತದಲ್ಲಾದರೆ ಎಲ್ಲ ಹಡಗುಗಳೂ ಒಂದೇ ಸಂಕೇತಕ್ಕೆ ಒಟ್ಟಿಗೆ ಮೂತಿ ತಿರುಗಿಸಿದರೆ ಆಯಿತು. ಯಾವ ದಿಕ್ಕಿನಿಂದ ದಾಳಿ ಬಂದರೂ ತೋಪುಗಳು ಅಷ್ಟೇ ಇರುತ್ತವೆ.

ಗಾಳಿಯ ಮಾತು ಬಂತು. ಪಶ್ಚಿಮ ಪೆಸಿಫಿಕ್‌ನ ಮೇರಿಯಾನಾ ದ್ವೀಪಗಳ ಪಶ್ಚಿಮಕ್ಕೆ ಆ ಜೂನ್‌ನಲ್ಲಿ ಗಾಳಿ ಪೂರ್ವದಿಂದ ಬೀಸುತ್ತಿತ್ತು. ಜಪಾನಿನ ನೌಕಾಪಡೆ ಇದ್ದದ್ದು ಪಶ್ಚಿಮದಲ್ಲಿ. ಜಪಾನೀಯರು ಶತ್ರುವಿನತ್ತ ಮುನ್ನುಗ್ಗುತ್ತಲೇ ವಿಮಾನ ಹಾರಿಸಬಹುದಿತ್ತು. ಅಮೆರಿಕನ್ನರು ಪ್ರತಿ ಸಲವೂ ಶತ್ರುವಿಗೆ ಬೆನ್ನು ಮಾಡಿ ಪೂರ್ವಕ್ಕೆ ಓಡಬೇಕಿತ್ತು, ಹೋದಷ್ಟೂ ದೂರವಾಗುತ್ತಿದ್ದರು.

ಜೂನ್ 19ರ ಬೆಳಿಗ್ಗೆ ಹತ್ತರ ಸುಮಾರಿಗೆ ರೇಡಾರ್ ಪರದೆಯಲ್ಲಿ ಪಶ್ಚಿಮಕ್ಕೆ 150 ಮೈಲಿ ದೂರದಲ್ಲಿ ವಿಮಾನಗಳ ಗುಂಪು ಕಂಡಿತು. ಪ್ರತಿ ವಿಮಾನವಾಹಕದಲ್ಲೂ ಒಂದು ಕತ್ತಲೆ ಕೋಣೆ, ಯುದ್ಧ ಮಾಹಿತಿ ಕೇಂದ್ರ. ಪಾರದರ್ಶಕ ಹಲಗೆಯ ಹಿಂದೆ ನಿಂತ ನಾವಿಕರು ದೂರ, ದಿಕ್ಕುಗಳನ್ನು ತಿರುವುಮುರುವಾಗಿ ಬರೆಯುತ್ತಿದ್ದರು. ಮುಂದೆ ಕೂತ ಅಧಿಕಾರಿಗೆ ಅದು ನೇರವಾಗಿ ಓದಿಸುತ್ತಿತ್ತು. ಅವರು ರೇಡಿಯೊದಲ್ಲಿ ಹೆಲ್‌ಕ್ಯಾಟ್ ಎಂಬ ಕಾವಲು ವಿಮಾನಗಳಿಗೆ ಎಲ್ಲಿಗೆ, ಎಷ್ಟು ಎತ್ತರಕ್ಕೆ ಹೋಗಬೇಕೆಂದು ಹೇಳುತ್ತಿದ್ದರು. ಎತ್ತರವೇ ಕಷ್ಟದ ಲೆಕ್ಕ. ಎಲ್ಲ ರೇಡಾರ್‌ಗಳೂ ಎತ್ತರ ಅಳೆಯುತ್ತಿರಲಿಲ್ಲ. ಎತ್ತರ ತಪ್ಪಿದರೆ ಕಾವಲು ವಿಮಾನಗಳು ಮೋಡದ ಕೆಳಗೆ, ಶತ್ರು ಮೋಡದ ಮೇಲೆ. ಅಂದು ಲೆಕ್ಕ ಸರಿಹೋಯಿತು. 2000 ಅಶ್ವಶಕ್ತಿಯ ಎಂಜಿನ್, ಆರು ಮೆಷಿನ್‌ಗನ್‌ಗಳ ಹೆಲ್‌ಕ್ಯಾಟ್‌ಗಳು ದಾಳಿಕೋರರನ್ನು 50-60 ಮೈಲಿ ಆಚೆಯೇ ಎದುರುಗೊಂಡವು. ಡೆಕ್ ಮೇಲಿದ್ದ ಬಾಂಬರ್‌ಗಳನ್ನೂ ಗಾಳಿಗೆ ಏರಿಸಿ ದೂರ ಕಳಿಸಿದ್ದರು. ಕಾವಲು ವಿಮಾನಗಳಿಗೆ ಡೆಕ್ ಖಾಲಿ ಸಿಗಬೇಕಿತ್ತು, ಪೆಟ್ರೋಲ್ ತುಂಬಿದ ವಿಮಾನಗಳು ಡೆಕ್ ಮೇಲೆ ನಿಂತಿರಲೂ ಬಾರದು. ನಾಲ್ಕು ಅಲೆಗಳಲ್ಲಿ ಬಂದ ಜಪಾನಿ ವಿಮಾನಗಳಲ್ಲಿ 200ಕ್ಕೂ ಹೆಚ್ಚು ಹಿಂತಿರುಗಲಿಲ್ಲ.

ಅದೇ ದಿನ ಬೆಳಿಗ್ಗೆ ಜಪಾನಿನ ಹೊಚ್ಚಹೊಸ ವಿಮಾನವಾಹಕ ತೈಹೋಗೆ ಅಲ್ಬಕೋರ್ ಎಂಬ ಅಮೆರಿಕದ ಜಲಾಂತರ್ಗಾಮಿಯ ಒಂದೇ ಒಂದು ಟಾರ್ಪಿಡೊ ತಗುಲಿತು. ಉಕ್ಕಿನ ಕವಚ ಹೊದಿಸಿದ ಡೆಕ್ ಅದರದ್ದು. ಏಟು ಅಲ್ಪವೆಂದೇ ತೋರಿತು, ಓಟ ನಿಲ್ಲಲಿಲ್ಲ. ಒಳಗೆ ಪೆಟ್ರೋಲ್ ಟ್ಯಾಂಕ್ ಬಿರಿದಿತ್ತು. ವಾಸನೆ ಹೋಗಲಿ ಎಂದು ಗಾಳಿ ಕೊಳವೆಗಳನ್ನೆಲ್ಲ ತೆರೆಸಿದರು. ಒಂದು ಕಡೆ ಇದ್ದ ಆವಿ ಹಡಗಿನ ಉದ್ದಕ್ಕೂ ಹರಡಿತು. ಆರು ಗಂಟೆಗಳ ಮೇಲೆ ಹಡಗು ಸಿಡಿಯಿತು, ಆ ದಿನವೇ ಮುಳುಗಿತು. ಎರಡು ವರ್ಷಗಳ ಹಿಂದೆ ಲೆಕ್ಸಿಂಗ್ಟನ್‌ಗೆ ಬಂದ ಸಾವೇ ಇದು.

ಮರುದಿನ ಸಂಜೆ 200ಕ್ಕೂ ಹೆಚ್ಚು ಅಮೆರಿಕನ್ ವಿಮಾನಗಳು ಬಹುದೂರ ಹಾರಿ ದಾಳಿ ಮಾಡಿ ಕತ್ತಲಲ್ಲಿ ಮರಳಿದವು. ಮಿಟ್ಷರ್ ಹಡಗುಗಳ ದೀಪ ಹಚ್ಚಿಸಿದರು. ಆದರೂ ಪೆಟ್ರೋಲ್ ಮುಗಿದು ಸಮುದ್ರಕ್ಕೆ ಬಿದ್ದವು, ಇಳಿಯುವಾಗ ಮುರಿದವು ಸುಮಾರು 80. ಹೋರಾಟದಲ್ಲಿ ಹೋದದ್ದು 20 ಮಾತ್ರ.

ಇಷ್ಟು ಹಡಗುಗಳಿಗೆ ಎಣ್ಣೆ ಎಲ್ಲಿಂದ? ಹವಾಯಿಯ ನೌಕಾನೆಲೆ ಪರ್ಲ್ ಹಾರ್ಬರ್ ಸಾವಿರಾರು ಮೈಲಿ ದೂರ. ಉತ್ತರ, ತೈಲನೌಕೆಗಳು. ತೈಲನೌಕೆ ಹತ್ತು ನಾಟ್ ಆಸುಪಾಸಿನ ವೇಗದಲ್ಲಿ ನೇರ ಹೋಗುತ್ತಿರುತ್ತದೆ. ವಿಮಾನವಾಹಕ ಒಂದು ಪಕ್ಕಕ್ಕೆ, ಡಿಸ್ಟ್ರಾಯರ್ ಇನ್ನೊಂದು ಪಕ್ಕಕ್ಕೆ ಬಂದು ಅದೇ ವೇಗ ಹಿಡಿಯುತ್ತವೆ. ಮೊದಲು ತೆಳುವಾದ ಹಗ್ಗ ಎಸೆಯುತ್ತಾರೆ, ಅದಕ್ಕೆ ಕಟ್ಟಿ ದಪ್ಪ ಹಗ್ಗ, ಟೆಲಿಫೋನ್ ತಂತಿ, ಕೊನೆಗೆ ಎಣ್ಣೆಯ ರಬ್ಬರ್ ಕೊಳವೆ. ಹಡಗಿನ ಎಣ್ಣೆಗೆ ಒಂದು ಕೊಳವೆ, ವಿಮಾನದ ಪೆಟ್ರೋಲಿಗೆ ಬೇರೆ. ಪಕ್ಕಪಕ್ಕ ಓಡುವ ಎರಡು ಹಡಗುಗಳ ನಡುವಿನ ನೀರು ರಭಸವಾಗಿ ಹರಿದು ಎರಡನ್ನೂ ಒಂದರತ್ತ ಒಂದನ್ನು ಎಳೆಯುತ್ತದೆ. ಗಂಟೆಗಟ್ಟಲೆ ಚುಕ್ಕಾಣಿ ಹಿಡಿದವನ ಕೈ ಒಂದಿಷ್ಟು ಅಲುಗಿದರೂ ಡಿಕ್ಕಿ, ಇಲ್ಲವೇ ಕೊಳವೆ ಹರಿದು ಎಣ್ಣೆಯ ಸ್ನಾನ. 1944ರ ಸೆಪ್ಟೆಂಬರ್‌ನಲ್ಲಿ ಹೋರಾಟವಿಲ್ಲದೆ ಕೈಸೇರಿದ ಪಶ್ಚಿಮ ಪೆಸಿಫಿಕ್‌ನ ಉಲಿತಿ ಹವಳದ್ವೀಪದ ನಡುವಿನ ವಿಶಾಲ ನೀರಿನ ಹರವೇ ಈ ವ್ಯವಸ್ಥೆಯ ಬಂದರಾಯಿತು.

ಈ ಸರಪಳಿ ಎಲ್ಲಿ ತುಂಡಾಗಬಹುದು ಎಂಬುದನ್ನು ಅದೇ ವರ್ಷದ ಡಿಸೆಂಬರ್ ತೋರಿಸಿತು. ಆಗ ಅಡ್ಮಿರಲ್ ಹಾಲ್ಸಿಯ ಕೈಕೆಳಗೆ ಇದೇ ಹಡಗುಗಳ ಹೆಸರು 38ನೇ ಕಾರ್ಯಪಡೆ. 17ರಂದು ಫಿಲಿಪ್ಪೀನ್ಸ್‌ನ ಪೂರ್ವಕ್ಕೆ ಎಣ್ಣೆ ತುಂಬಲು ಹೊರಟರೆ ಅಲೆಗಳಿಗೆ ಕೊಳವೆಗಳು ಕಿತ್ತುಹೋದವು. ಮರುದಿನ ಹಡಗುಗಳು ಚಂಡಮಾರುತದ ನಡುವೆ ಸಿಕ್ಕಿಬಿದ್ದವು. ಡಿಸ್ಟ್ರಾಯರ್ ಸ್ಪೆನ್ಸ್‌ನ ಟ್ಯಾಂಕುಗಳು ಹೆಚ್ಚುಕಡಿಮೆ ಬರಿದಾಗಿದ್ದವು. ಖಾಲಿ ಟ್ಯಾಂಕಿಗೆ ಸಮುದ್ರದ ನೀರು ತುಂಬಿದರೆ ಹಡಗಿನ ತಳ ಭಾರವಾಗಿ ನಿಲ್ಲುತ್ತದೆ. ಆದರೆ ಎಣ್ಣೆ ಪಡೆಯುವ ಮುನ್ನ ಆ ನೀರನ್ನು ಹೊರಹಾಕಲೇಬೇಕು, ಅದಕ್ಕೆ ಗಂಟೆಗಳು ಬೇಕು. ಇವತ್ತಲ್ಲ ನಾಳೆ ಎಣ್ಣೆ ಸಿಗುತ್ತದೆಂದು ಕಾದರು, ನೀರು ತುಂಬುವಾಗ ಹೊತ್ತು ಮೀರಿತ್ತು. ಹಲ್, ಮೊನಾಘನ್ ಎಂಬ ಇನ್ನೆರಡು ಹಳೆಯ ಡಿಸ್ಟ್ರಾಯರ್‌ಗಳಲ್ಲಿ ಎಣ್ಣೆ ಇತ್ತು, ಆದರೆ ನಂತರ ಸೇರಿಸಿದ ರೇಡಾರ್, ತೋಪುಗಳಿಂದ ಮೇಲ್ಭಾಗ ಭಾರವಾಗಿತ್ತು. ಮೂರೂ ಮಗುಚಿದವು. ಸುಮಾರು 790 ಜನ ಸತ್ತರು. ಮಾಂಟೆರೇ ಎಂಬ ಹಗುರ ವಿಮಾನವಾಹಕದ ಹ್ಯಾಂಗರ್‌ನಲ್ಲಿ ವಿಮಾನಗಳು ಕಟ್ಟು ಕಿತ್ತುಕೊಂಡು ಒಂದಕ್ಕೊಂದು ಅಪ್ಪಳಿಸಿದವು, ಪೆಟ್ರೋಲ್ ಚೆಲ್ಲಿ ಬೆಂಕಿ ಎದ್ದಿತು. ನಾವಿಕರು ಹಡಗು ಬಿಡದೆ ಆರಿಸಿದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಆಗ ಆ ಹಡಗಿನಲ್ಲಿ ಅಧಿಕಾರಿಯಾಗಿದ್ದರು.

ಕೊನೆಯದಾಗಿ ಫ್ರಾಂಕ್ಲಿನ್ ಎಂಬ ವಿಮಾನವಾಹಕ. 1945ರ ಮಾರ್ಚ್ 19, ಜಪಾನ್ ಕರಾವಳಿಯಿಂದ ಬರೀ 50 ಮೈಲಿ. ಬೆಳಿಗ್ಗೆ ಏಳರ ಹೊತ್ತು, ಡೆಕ್ ಮೇಲೆ ಬಾಂಬು, ರಾಕೆಟ್ ಹೊತ್ತ ವಿಮಾನಗಳ ಎಂಜಿನ್ ಬಿಸಿಯಾಗುತ್ತಿದೆ, ಹ್ಯಾಂಗರ್‌ನಲ್ಲಿ ಇನ್ನಷ್ಟು ವಿಮಾನ. ಮುಂಭಾಗದ ಪೆಟ್ರೋಲ್ ವ್ಯವಸ್ಥೆಯನ್ನು ಮುಚ್ಚಿದ್ದರು, ಹಿಂಭಾಗದ್ದು ಚಾಲೂ ಇತ್ತು. ಮೋಡದಿಂದ ಇಳಿದ ಒಂದೇ ವಿಮಾನ ಎರಡು ಬಾಂಬು ಹಾಕಿತು. ಹ್ಯಾಂಗರ್‌ನಲ್ಲಿ ಆವಿ ಸಿಡಿದು ಅಲ್ಲಿದ್ದವರಲ್ಲಿ ಬಹುತೇಕ ಯಾರೂ ಉಳಿಯಲಿಲ್ಲ. ಬಳಿಕ ಗಂಟೆಗಟ್ಟಲೆ ಹಡಗಿನದ್ದೇ ಬಾಂಬು, ರಾಕೆಟ್‌ಗಳು ಸಿಡಿದವು. ಸತ್ತವರು 800ರ ಆಸುಪಾಸು. ಡೆಕ್ ಮೇಲೆ ತುಂಬಿದ ವಿಮಾನಗಳಿರುವಾಗ ಏಟು ಬಿದ್ದರೆ ಯಾವ ಉಪಾಯವೂ ಸಾಲದು. ಸಾಂಟಾ ಫೆ ಎಂಬ ಕ್ರೂಸರ್ ಉರಿಯುತ್ತಿದ್ದ ಹಡಗಿಗೆ ಒತ್ತಿ ನಿಂತು ನೂರಾರು ಜನರನ್ನು ಇಳಿಸಿಕೊಂಡಿತು. ಪಿಟ್ಸ್‌ಬರ್ಗ್ ಎಂಬ ಇನ್ನೊಂದು ಕ್ರೂಸರ್ ಹಗ್ಗ ಕಟ್ಟಿ ಎಳೆಯಿತು. ಉಳಿದ ನಾವಿಕರು ಬೆಂಕಿ ಹತೋಟಿಗೆ ತಂದು ಬಾಯ್ಲರ್‌ಗಳನ್ನು ಮತ್ತೆ ಹೊತ್ತಿಸಿದರು. ಫ್ರಾಂಕ್ಲಿನ್ ತನ್ನದೇ ಉಗಿಯ ಬಲದಲ್ಲಿ ಉಲಿತಿಗೆ, ಪರ್ಲ್ ಹಾರ್ಬರ್‌ಗೆ, ಪನಾಮಾ ಕಾಲುವೆ ದಾಟಿ ಏಪ್ರಿಲ್ 28ಕ್ಕೆ ನ್ಯೂಯಾರ್ಕ್‌ಗೆ ಬಂತು. ಅದನ್ನು ಪೂರ್ತಿ ರಿಪೇರಿ ಮಾಡಿದರು. ಆದರೆ ಮತ್ತೆಂದೂ ಯುದ್ಧಕ್ಕೆ ಕಳಿಸಲಿಲ್ಲ.

ನಮಸ್ಕಾರ.