ಗುರುತು ಹಾಕದ ಗಿಡ

(ಕುಶಾಲನಗರದಲ್ಲಿ ಕಂಪ್ಯೂಟರ್ ಸೈನ್ಸ್ ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ವಿರಾಜಪೇಟೆ, ಪೊನ್ನಂಪೇಟೆ ಕಡೆಯಿಂದ ಬಂದಿದ್ದೀರಿ. ಕರೆಂಟ್ ಇರುವಷ್ಟು ಹೊತ್ತು ಪರದೆ ತೋರಿಸುತ್ತೇನೆ, ಹೋದರೆ ಬರೀ ಮಾತು.

ನಾನು ಬೆಳೆದದ್ದು ಸೋಮವಾರಪೇಟೆ ಹತ್ತಿರದ ಅರೇಬಿಕಾ ಕಾಫಿ ತೋಟದಲ್ಲಿ. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಬೋರರ್ ಟ್ರೇಸಿಂಗ್, ಅಂದರೆ ಕೊರಕ ಹುಳ ಹುಡುಕುವ ಕೆಲಸ, ನಡೆಯುತ್ತಿತ್ತು. ರೊಬಸ್ಟಾದವರಿಗೆ ಈ ತಲೆನೋವು ಗೊತ್ತಿಲ್ಲ, ಪುಣ್ಯವಂತರು. ಬಿಳಿ ಕಾಂಡಕೊರಕ ಗಿಡದ ಒಳಗೆ ಕೂತಿರುತ್ತದೆ. ಹೊರಗೆ ಕಾಣುವುದು ಹಳದಿ ತಿರುಗಿದ ಎಲೆ, ಕಾಂಡದ ಮೇಲೆ ಉಬ್ಬಿದ ಗೆರೆ, ಅಷ್ಟೇ. ಮೇಸ್ತ್ರಿ ಕಾಂಡಕ್ಕೆ ಕೈ ಸವರುತ್ತಾ ಸಾಲು ಸಾಲಾಗಿ ಹೋಗುತ್ತಿದ್ದರು. ಅನುಮಾನ ಬಂದ ಗಿಡಕ್ಕೆ ಒಂದು ಗುರುತು. ಹಿಂದೆ ಬಂದವರು ಅದನ್ನು ಕಿತ್ತು ಸುಡುತ್ತಿದ್ದರು. ಸುಡುವ ಮೊದಲು ಅಪ್ಪ ಒಂದೆರಡು ಕಾಂಡ ಸೀಳಿ ನೋಡುತ್ತಿದ್ದರು. ಹುಳ ಸಿಕ್ಕದಿದ್ದರೆ ಮೇಸ್ತ್ರಿಯ ಮುಖ ನೋಡುವ ಹಾಗಿರಲಿಲ್ಲ.

ಒಂದು ಸಲ ನಾನು ಮೇಸ್ತ್ರಿಯನ್ನು ಕೇಳಿದೆ, ಗುರುತು ಹಾಕದ ಗಿಡದಲ್ಲಿ ಹುಳ ಇಲ್ಲ ಅಂತಲಾ ಎಂದು. "ನಂಗೆ ಸಿಗ್ಲಿಲ್ಲ ಅಂತ, ಅಷ್ಟೇ ಪುಟ್ಟಾ" ಅಂದರು.

ಸಾಫ್ಟ್‌ವೇರ್‌ನ ಭದ್ರತಾ ದೋಷಗಳನ್ನು ಕೂಡಿಸಿ, ಕೋಡ್‌ಗೆ 'ದೋಷ ಇದೆ', 'ಇಲ್ಲ' ಅಂತ ಲೇಬಲ್ ಹಾಕುವುದನ್ನು ಮಕ್ಕಳಿಗೆ ಕಲಿಸಲು ಹೊರಟಾಗ ಈ ಮಾತು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಮೊದಲು ಡೇಟಾ ಎಲ್ಲಿದೆ ನೋಡೋಣ. 1999ರಿಂದ ಅಮೆರಿಕದ ಮೈಟರ್ ಸಂಸ್ಥೆ ಸಿವಿಇ ಪಟ್ಟಿ ನಡೆಸುತ್ತಿದೆ. ಬೆಳಕಿಗೆ ಬಂದು ಪಟ್ಟಿಗೆ ಸೇರಿದ ಒಂದೊಂದು ದೋಷಕ್ಕೂ ಒಂದು ನಂಬರ್, ನಮ್ಮ ಗಾಡಿ ನಂಬರ್ ಇದ್ದ ಹಾಗೆ. ಅದೇ ದೇಶದ ನಿಸ್ಟ್ ಸಂಸ್ಥೆಯ ಎನ್‌ವಿಡಿ ಎಂಬ ಕೋಶ ಆ ನಂಬರ್‌ಗೆ ಇನ್ನಷ್ಟು ವಿವರ ಸೇರಿಸುತ್ತದೆ. ದೋಷ ಯಾವ ಜಾತಿಯದು ಎನ್ನುವುದಕ್ಕೆ ಸಿಡಬ್ಲ್ಯೂಇ ನಂಬರ್, ಎಷ್ಟು ಅಪಾಯ ಎನ್ನುವುದಕ್ಕೆ 0ಯಿಂದ 10ರವರೆಗಿನ ಸಿವಿಎಸ್‌ಎಸ್ ಅಂಕ. ಎಲ್ಲವೂ ಪುಕ್ಕಟೆ. ಹಾಗಾದರೆ ಮಕ್ಕಳು ಇಳಿಸಿಕೊಂಡರೆ ಮುಗೀತಲ್ವಾ?

ಮುಗಿಯುವುದಿಲ್ಲ. 2024ರ ಒಂದೇ ವರ್ಷದಲ್ಲಿ ಪಟ್ಟಿಗೆ ಸೇರಿದ ದೋಷಗಳು 40,000 ದಾಟಿದವು. ಅದೇ ವರ್ಷ ಫೆಬ್ರುವರಿಯಿಂದ ಎನ್‌ವಿಡಿಯ ಕೆಲಸ ನಿಧಾನವಾಯಿತು. ಸಾವಿರಾರು ದೋಷಗಳು ಅಂಕವಿಲ್ಲದೆ, ಜಾತಿಯಿಲ್ಲದೆ ಸುಮ್ನೆ ಕೂತವು. ಇನ್ನು ಅಂಕ ಇದ್ದದ್ದೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್‌4ಜೆ ಗಲಾಟೆ ನಿಮಗೆ ನೆನಪಿರಬಹುದು, ಜಾವಾ ಪ್ರೋಗ್ರಾಂಗಳು ತಮ್ಮ ದಿನಚರಿ ಬರೆಯಲು ಬಳಸುವ ಸಾಫ್ಟ್‌ವೇರ್ ಅದು. ಮೊದಲ ದೋಷ ಸಿವಿಇ-2021-44228, ಅದಕ್ಕೆ ಪೂರ್ತಿ 10. ಅದರ ತೇಪೆ, ಅಂದರೆ ಪ್ಯಾಚ್, ಸರಿಯಾಗಿ ಕೂರದೆ ಎರಡನೆಯದು ಹುಟ್ಟಿತು, ಸಿವಿಇ-2021-45046. ಅದಕ್ಕೆ ಶುರುವಿನಲ್ಲಿ ಕೊಟ್ಟದ್ದು 3.7. ಕೆಲವೇ ದಿನಗಳಲ್ಲಿ ಅದು 9.0 ಆಯಿತು. ಕೋಡ್ ಅದೇ, ದೋಷವೂ ಅದೇ. ನೋಡಿದವರಿಗೆ ಅರ್ಥವಾದದ್ದು ಬದಲಾಯಿತು. ಸೋಮವಾರ ಡೇಟಾ ಇಳಿಸಿಕೊಂಡ ಹುಡುಗನ ಹಾಳೆಯಲ್ಲಿ ಒಂದು ಅಂಕ, ಶನಿವಾರ ಇಳಿಸಿಕೊಂಡ ಹುಡುಗಿಯ ಹಾಳೆಯಲ್ಲಿ ಇನ್ನೊಂದು. ಇಳಿಸಿಕೊಂಡ ದಿನಾಂಕ ಬರೆಯದಿದ್ದರೆ ಇಬ್ಬರೂ ಜಗಳಕ್ಕೆ ಬೀಳುತ್ತಾರೆ.

ದಿನಾಂಕದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದಲ್ಲ, ಇಂಚು, ಸೆಂಟು ಬರೆಯುವುದು. ಬೆಳಗ್ಗೆ ಅಳೆದ ಮಳೆಯನ್ನು ನಮ್ಮ ಮನೆಯಲ್ಲಿ ನಿನ್ನೆಯ ತಾರೀಖಿಗೆ ಬರೆಯುತ್ತಿದ್ದೆವು, ಪಕ್ಕದ ತೋಟದವರು ಇವತ್ತಿನದಕ್ಕೆ. ಎರಡು ಪುಸ್ತಕ ಪಕ್ಕದಲ್ಲಿಟ್ಟರೆ ಮೋಡ ಬೇಲಿ ದಾಟಲು ಒಂದು ದಿನ ತೆಗೆದುಕೊಂಡ ಹಾಗೆ ಕಾಣುತ್ತಿತ್ತು! ದೋಷದ ಡೇಟಾದಲ್ಲೂ ಇದೇ ಫಜೀತಿ. ಸಿವಿಇ ನಂಬರ್ ಒಳಗಿರುವ ವರ್ಷವನ್ನು ಮಕ್ಕಳು ದೋಷ ಹುಟ್ಟಿದ ವರ್ಷ ಅಂದುಕೊಳ್ಳುತ್ತಾರೆ. ಅದು ನಂಬರ್ ಕಾದಿರಿಸಿದ ವರ್ಷವೋ, ಸುದ್ದಿ ಹೊರಬಂದ ವರ್ಷವೋ ಇರುತ್ತದೆ. ದೋಷ ಕೋಡ್‌ಗೆ ಸೇರಿದ್ದು ಯಾವಾಗ, ಪ್ಯಾಚ್ ಬಂದದ್ದು ಯಾವಾಗ, ಪಟ್ಟಿಗೆ ಹತ್ತಿದ್ದು ಯಾವಾಗ? ಮೂರಕ್ಕೂ ಬೇರೆ ಬೇರೆ ಕಾಲಂ ಬೇಕು.

ಈಗ ಲೇಬಲ್. ನಾನು ತರಗತಿಯಲ್ಲಿ ಹಾರ್ಟ್‌ಬ್ಲೀಡ್ ತೆಗೆದುಕೊಳ್ಳುತ್ತೇನೆ, ಸಿವಿಇ-2014-0160. ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಇದ್ದದ್ದು. ಕತೆ ಸಣ್ಣದು. ಒಂದು ಕಡೆಯವರು ಇಷ್ಟು ಅಕ್ಷರ ಕಳಿಸಿದ್ದೇನೆ, ಅಷ್ಟನ್ನೇ ವಾಪಸ್ ಕಳಿಸು ಅನ್ನುತ್ತಾರೆ. ಸರ್ವರ್ ಎಣಿಸಿ ನೋಡದೆ ನಂಬುತ್ತದೆ. ನಾಲ್ಕು ಅಕ್ಷರ ಕೊಟ್ಟು ಸಾವಿರಾರು ಕೇಳಿದರೆ, ಪಕ್ಕದ ಮೆಮೊರಿಯಲ್ಲಿ ಇದ್ದಬದ್ದದ್ದನ್ನೆಲ್ಲ ತುಂಬಿ ಕೊಡುತ್ತದೆ. ಅದರಲ್ಲಿ ಪಾಸ್‌ವರ್ಡ್ ಇದ್ದರೂ ಹೋಯಿತು. ಪ್ಯಾಚ್‌ನಲ್ಲಿ ಮಾಡಿದ್ದು ಉದ್ದ ಪರೀಕ್ಷಿಸುವ ಕೆಲವು ಸಾಲು ಸೇರಿಸಿದ್ದು. ಪ್ಯಾಚ್‌ಗೆ ಹಿಂದಿನ ಕೋಡ್ 'ದೋಷ ಇದೆ', ಪ್ಯಾಚ್ ಆದ ಕೋಡ್ 'ಸರಿಯಾಗಿದೆ'. ಎರಡು ಲೇಬಲ್ ಸಿಕ್ಕಿತು. ಮಕ್ಕಳಿಗೆ ಖುಷಿ.

ಆಮೇಲೆ ಗಂಟು ಬಿಚ್ಚಿಕೊಳ್ಳುತ್ತದೆ. ಆ ಪ್ಯಾಚ್ ಬಿದ್ದದ್ದು ಎರಡು ಕೋಡ್ ಫೈಲ್‌ಗಳಲ್ಲಿ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರದ ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ ಕೋಡ್ ತುಂಡು. ಒಂದನ್ನು ದೋಷ ಹುಡುಕುವ ಎಐ ಮಾಡೆಲ್‌ಗೆ ಕಲಿಸಲು ಇಟ್ಟು, ಇನ್ನೊಂದನ್ನು ಪರೀಕ್ಷೆಗೆ ಇಟ್ಟರೆ ಏನಾಯಿತು? ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟ ಹಾಗಾಯಿತು. ಇನ್ನು ಕೆಲವು ಕಮಿಟ್‌ಗಳಲ್ಲಿ, ಅಂದರೆ ಒಂದೇ ಸಲಕ್ಕೆ ಸೇರಿಸಿದ ಕೋಡ್ ಬದಲಾವಣೆಗಳಲ್ಲಿ, ದೋಷದ ಜೊತೆಗೆ ಫಂಕ್ಷನ್ ಹೆಸರು ಬದಲಾಯಿಸಿರುತ್ತಾರೆ, ಖಾಲಿ ಸಾಲು ಅಳಿಸಿರುತ್ತಾರೆ. ಲೇಬಲ್ ಹಾಕುವ ಸ್ಕ್ರಿಪ್ಟ್‌ಗೆ ಇದೆಲ್ಲ ತಿಳಿಯುವುದಿಲ್ಲ. ಕೈ ತಾಗಿದ ಎಲ್ಲ ಫಂಕ್ಷನ್‌ಗೂ 'ದೋಷ ಇದೆ' ಅಂತ ಮುದ್ರೆ ಒತ್ತುತ್ತದೆ.

ಇದು ಬರೀ ಶಿಸ್ತಿನ ಮಾತು ಅನ್ನಿಸಿದರೆ ಒಂದು ಲೆಕ್ಕ ಕೇಳಿ. 2024ರಲ್ಲಿ ಪ್ರೈಮ್‌ವಲ್ ಎಂಬ ಡೇಟಾಸೆಟ್ ಬಂತು. ನಕಲುಗಳನ್ನು ತೆಗೆದು, ಲೇಬಲ್‌ಗಳನ್ನು ಬಿಗಿ ಮಾಡಿ ಕಟ್ಟಿದ್ದು. ಹಳೆಯ ಬಿಗ್‌ವಲ್ ಡೇಟಾದ ಮೇಲೆ ಎಫ್1 ಅಳತೆಯಲ್ಲಿ (ಎಷ್ಟು ದೋಷ ಹಿಡಿಯಿತು, ಹಿಡಿದದ್ದರಲ್ಲಿ ಎಷ್ಟು ಸರಿ, ಎರಡನ್ನೂ ತೂಗುವುದು) ಶೇ. 68 ತೆಗೆದ ಮಾಡೆಲ್, ಇದರ ಮೇಲೆ ತೆಗೆದದ್ದು ಶೇ. 3ರ ಆಸುಪಾಸು. ನಮ್ಮ ಮಕ್ಕಳ ಪ್ರಾಜೆಕ್ಟ್ ವರದಿಗಳಲ್ಲಿ ಶೇ. 97, 98 ಅಂತ ಬರೆದಿರುತ್ತದಲ್ಲ, ಅದನ್ನು ಓದುವಾಗ ಇದು ನೆನಪಿರಲಿ. ನಾನೂ ಅಂಥದ್ದಕ್ಕೆ ಸಹಿ ಹಾಕಿದ್ದೇನೆ, ಬಚ್ಚಿಡುವುದಿಲ್ಲ.

ಅದಕ್ಕೇ ನಾನು ಒಂದೇ ಕೋಡ್ ತುಣುಕನ್ನು ಇಬ್ಬರಿಗೆ ಕೊಡುತ್ತೇನೆ. ಇಬ್ಬರೂ ಬೇರೆ ಬೇರೆ ಕೂತು ಲೇಬಲ್ ಹಾಕಬೇಕು. ಆಮೇಲೆ ತಾಳೆ ನೋಡುವುದು. ಇಲ್ಲೊಂದು ಮೋಸ ಇದೆ. 100 ತುಣುಕುಗಳಲ್ಲಿ ಇಬ್ಬರೂ ಐದೈದಕ್ಕೆ ಮಾತ್ರ 'ದೋಷ' ಅಂದರು ಅಂದುಕೊಳ್ಳಿ. 90ರಲ್ಲಿ ಇಬ್ಬರ ಉತ್ತರ ಒಂದೇ. ಭಾರೀ ಹೊಂದಾಣಿಕೆ ಅನ್ನಿಸುತ್ತದೆ. ಆದರೆ ಇಬ್ಬರೂ ಕಣ್ಣು ಮುಚ್ಚಿ ಮನಸ್ಸಿಗೆ ಬಂದ ಐದಕ್ಕೆ ಗುರುತು ಹಾಕಿದ್ದರೂ ಸರಾಸರಿ 90.5 ಹೊಂದುತ್ತಿತ್ತು! ಅಂದರೆ ಇವರು ಕುರುಡು ಗುರುತಿಗಿಂತ ಒಂದು ಕೂದಲು ಹಿಂದೆ. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪ ಎಂಬ ಅಳತೆ ಈ ಅದೃಷ್ಟದ ಪಾಲನ್ನು ಕಳೆದು ಹೇಳುತ್ತದೆ. ಬೋರ್ಡಿನ ಮೇಲೆ ಐದು ನಿಮಿಷದ ಲೆಕ್ಕ. ಮಕ್ಕಳಿಗೆ ಸೂತ್ರಕ್ಕಿಂತ ಆ 90.5 ಜಾಸ್ತಿ ನಾಟುತ್ತದೆ.

ತಾಳೆಯಾಗದ ತುಣುಕುಗಳನ್ನು ಎಸೆಯಬೇಡಿ. ನನ್ನ ತರಗತಿಯಲ್ಲಿ ಒಬ್ಬಳು, ಈ ಫಂಕ್ಷನ್ ಉದ್ದ ಪರೀಕ್ಷಿಸುವುದಿಲ್ಲ, ದೋಷ ಅಂದಳು. ಅವಳ ಜೊತೆಯವನು, ಇದನ್ನು ಕರೆಯುವ ಫಂಕ್ಷನ್ ಮೊದಲೇ ಪರೀಕ್ಷಿಸಿದೆ, ದೋಷವಲ್ಲ ಅಂದ. ಇಬ್ಬರೂ ಸರಿ. ಒಂದು ತುಣುಕನ್ನೇ ನೋಡಿ ತೀರ್ಮಾನಿಸಲು ಆಗುವುದಿಲ್ಲ ಎನ್ನುವುದು ಅವತ್ತು ಅರ್ಧ ಗಂಟೆಯ ಜಗಳದಿಂದ ಹೊರಬಂತು. ಆಮೇಲೆ ನಮ್ಮ ಹಾಳೆಗೆ ಎರಡು ಕಾಲಂ ಸೇರಿದವು. ಒಂದು 'ಕಾರಣ'. ಇನ್ನೊಂದು 'ಇನ್ನೇನು ನೋಡಬೇಕಿತ್ತು'. ಈಗ ಅಂಕ ಕೊಡುವಾಗ ನಾನು ಲೇಬಲ್ ಕಾಲಂ ಅನ್ನು ಕೊನೆಗೆ ಓದುತ್ತೇನೆ. 'ಹೇಳಲಾಗದು' ಅಂತ ಬರೆದವರಿಗೂ, ಕಾರಣ ಸರಿ ಇದ್ದರೆ, ಪೂರ್ತಿ ಅಂಕ.

ಮೇಸ್ತ್ರಿಯ ಮಾತಿಗೆ ಬರುತ್ತೇನೆ. ಲಾಗ್‌4ಜೆಯ ಆ ಮೊದಲ ದೋಷ ಕೋಡ್‌ಗೆ ಸೇರಿದ್ದು 2013ರಲ್ಲಿ. ಸಿಕ್ಕಿಬಿದ್ದದ್ದು 2021ರಲ್ಲಿ. ನಡುವಿನ ಎಂಟು ವರ್ಷದಲ್ಲಿ ಯಾರಾದರೂ ವಿದ್ಯಾರ್ಥಿ ಆ ಫಂಕ್ಷನ್ ತೆಗೆದುಕೊಂಡಿದ್ದರೆ, ಪಟ್ಟಿ ನೋಡಿ 'ದೋಷವಿಲ್ಲ' ಅಂತ ಬರೆಯುತ್ತಿದ್ದ. ಅವನ ತಪ್ಪಲ್ಲ, ಕಾಲಂನ ಹೆಸರೇ ತಪ್ಪು. ನಮ್ಮ ಹಾಳೆಯಲ್ಲಿ ಈಗ ಆ ಲೇಬಲ್ ಇಲ್ಲ. ಅದರ ಜಾಗದಲ್ಲಿ 'ಇಂಥ ದಿನದವರೆಗೆ ಸಿಕ್ಕಿಲ್ಲ' ಅಂತ ಇದೆ. ಬರೆಯಲು ಸ್ವಲ್ಪ ಉದ್ದ, ಮಕ್ಕಳು ಗೊಣಗುತ್ತಾರೆ.

ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನೆಲ್ಲ ಕಲಿತ ಉಮೇದಿನಲ್ಲಿ ಒಬ್ಬ ಹುಡುಗ ಒಂದು ಹೋಂಸ್ಟೇಯ ಬುಕಿಂಗ್ ಪುಟದ ವೆಬ್ ವಿಳಾಸದಲ್ಲಿದ್ದ ನಂಬರ್ ಬದಲಾಯಿಸಿ ನೋಡಿದ. ಬೇರೆ ಅತಿಥಿಗಳ ಗುರುತಿನ ಚೀಟಿ ತೆರೆದುಕೊಂಡಿತು. ಓಡಿ ಬಂದು ನನಗೆ ತೋರಿಸಿದ, ಕಣ್ಣಲ್ಲಿ ಹೊಳಪು. ನನಗೆ ಎದೆ ಧಸಕ್ ಅಂತು. ಬೇರೆಯವರ ಕಂಪ್ಯೂಟರಿಗೆ ಅನುಮತಿ ಇಲ್ಲದೆ ಕೈ ಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ಗೆ ಬರುತ್ತದೆ. ಕೆಟ್ಟ ಉದ್ದೇಶ ಅಂತ ಸಾಬೀತಾದರೆ 66ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು. ಅವನು ಏನನ್ನೂ ಇಳಿಸಿಕೊಂಡಿರಲಿಲ್ಲ. ಮಾಲೀಕರ ಮನೆಗೆ ಇಬ್ಬರೂ ಹೋಗಿ ಹೇಳಿದೆವು. ಅವರು ಕಾಫಿ ಕೊಟ್ಟರು, ಪುಟ ಮುಚ್ಚಿಸಿದರು. ಎಲ್ಲರೂ ಕಾಫಿ ಕೊಡುವುದಿಲ್ಲ. ಮಾಲೀಕರು ಸಿಗದಿದ್ದರೆ ಅಥವಾ ಕಿವಿಗೊಡದಿದ್ದರೆ ಸೈಬರ್ ಭದ್ರತೆ ನೋಡಿಕೊಳ್ಳುವ ದೇಶದ ಸರ್ಟ್-ಇನ್ ಸಂಸ್ಥೆ ಇದೆ, ಅಲ್ಲಿಗೆ ಬರೆಯಿರಿ. ತರಗತಿಗೆ ಮಾತ್ರ ಈಗಾಗಲೇ ಬಹಿರಂಗವಾದ, ಪ್ಯಾಚ್ ಆದ ದೋಷಗಳೇ ಸಾಕು.

ಚಹಾ ಬಂದಿದೆ ಅಂತ ಕಾಣುತ್ತದೆ. ಕುಡಿದು ಬನ್ನಿ. ನೆಟ್‌ವರ್ಕ್ ನಂಬದೆ 20 ತುಣುಕುಗಳನ್ನು ಪ್ರಿಂಟ್ ಮಾಡಿಸಿ ತಂದಿದ್ದೇನೆ. ಇಬ್ಬಿಬ್ಬರಿಗೆ ಒಂದೇ ಕಟ್ಟು. ಮೊದಲ ಅರ್ಧ ಗಂಟೆ ಪಕ್ಕದವರ ಹಾಳೆ ನೋಡುವ ಹಾಗಿಲ್ಲ. ಮೇಷ್ಟ್ರುಗಳು ನೀವು, ಕಾಪಿ ಹೊಡೆಯುವುದರಲ್ಲಿ ಮಕ್ಕಳಿಗಿಂತ ಹುಷಾರು ಅಂತ ನನಗೆ ಗೊತ್ತು.