ಹಾಡು ಬರೆದಾಗ ಅವರು ಎಲ್ಲಿದ್ದರು?

ಕೇಳುಗರೆಲ್ಲರಿಗೂ ನಮಸ್ಕಾರ.

ಮಿಶನರಿ ಹಾಡುಗಳನ್ನು ಬರೆದವರ ಬದುಕಿನ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ನಾಲ್ಕು ಮಾತು ಬೇಡ, ಒಂದೇ ಮಾತು ಹೇಳುತ್ತೇನೆ. ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ.

ಚರ್ಚಿಗೆ ಹೋಗುವವರು ಈ ಹಾಡುಗಳನ್ನು ಭಾನುವಾರ ಹಾಡುತ್ತೀರಿ. ಹೋಗದವರೂ ಮಿಶನ್ ಶಾಲೆಯ ಪ್ರಾರ್ಥನೆಯಲ್ಲಿ ಕೇಳಿರುತ್ತೀರಿ. ಇಂಗ್ಲಿಷ್ ಹಾಡಿನ ಪುಸ್ತಕ ತೆರೆದರೆ ಪ್ರತಿ ಹಾಡಿನ ಜೊತೆ ಸಣ್ಣ ಅಕ್ಷರದಲ್ಲಿ ಒಂದು ಹೆಸರು ಇರುತ್ತದೆ, ಪಕ್ಕದಲ್ಲಿ ಎರಡು ಇಸವಿ. ಅದನ್ನು ಯಾರೂ ಓದುವುದಿಲ್ಲ. ಗಾಯನ ಮಂಡಳಿಯವರೂ ಓದುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಾನು ನೋಡಿಯೇ ಹೇಳುತ್ತಿದ್ದೇನೆ. ನನ್ನ ಕೋರಿಕೆ ಇಷ್ಟೇ. ಆ ಹೆಸರು ಓದಿ. ಆಮೇಲೆ ಒಂದು ಪ್ರಶ್ನೆ ಕೇಳಿ: ಈ ಹಾಡು ಬರೆದಾಗ ಇವರು ಎಲ್ಲಿದ್ದರು? ಅಷ್ಟು ಗೊತ್ತಾದರೆ ಅರ್ಧ ಹಾಡು ಅರ್ಥವಾದ ಹಾಗೆ.

ರೆಜಿನಾಲ್ಡ್ ಹೀಬರ್ ಅವರನ್ನು ತೆಗೆದುಕೊಳ್ಳಿ. ಹುಟ್ಟಿದ್ದು 1783ರಲ್ಲಿ, ಇಂಗ್ಲೆಂಡಿನಲ್ಲಿ. ಅನುಕೂಲಸ್ಥರ ಮನೆ. ಆಕ್ಸ್‌ಫರ್ಡಿನಲ್ಲಿ ಓದು, ಅಲ್ಲೇ ಕವಿತೆಗೆ ಬಹುಮಾನ. ಆಮೇಲೆ ಹಾಡ್ನೆಟ್ ಎಂಬ ಹಳ್ಳಿಯಲ್ಲಿ ಪಾದ್ರಿ.

1819ನೇ ಇಸವಿ, ಮೇ ತಿಂಗಳ ಕೊನೆ, ಶನಿವಾರ. ಮಾರನೇ ದಿನ ಪೆಂತೆಕೊಸ್ತ ಹಬ್ಬ. ಹೀಬರ್ ಆಗ ವೇಲ್ಸಿನ ರೆಕ್ಸಮ್ ಊರಿನಲ್ಲಿ, ಮಾವನ ಮನೆಯಲ್ಲಿದ್ದರು. ಮಾವ ಶಿಪ್ಲಿ ಆ ಊರಿನ ಪಾದ್ರಿ. ಪೂರ್ವದ ದೇಶಗಳ ಮಿಶನ್ ಕೆಲಸಕ್ಕೆ ಎಲ್ಲ ಚರ್ಚುಗಳಲ್ಲೂ ಕಾಣಿಕೆ ಎತ್ತಬೇಕು ಅಂತ ರಾಜನ ಅಪ್ಪಣೆ ಬಂದಿತ್ತು. ಬೆಳಗ್ಗೆ ಅದಕ್ಕಾಗಿಯೇ ಪ್ರಸಂಗ, ಅಂದರೆ ಚರ್ಚಿನಲ್ಲಿ ಪಾದ್ರಿಯ ಉಪದೇಶ. ಪ್ರಸಂಗ ಇದೆ, ಅದಕ್ಕೆ ಹೊಂದುವ ಹಾಡಿಲ್ಲ. ಮನೆಯಲ್ಲಿ ಕವಿ ಅಳಿಯ ಕೂತಿದ್ದಾರಲ್ಲ! ಬೆಳಗ್ಗೆ ಹಾಡಲಿಕ್ಕೆ ಏನಾದರೂ ಬರೆದುಕೊಡಿ ಅಂದರು ಮಾವ.

ಹೀಬರ್ ಎದ್ದು ಕೋಣೆಯ ಆಚೆ ಬದಿಗೆ ಹೋಗಿ ಕೂತರು. ಜೊತೆಗಿದ್ದವರ ಹರಟೆ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಮೂರು ಚರಣ ಆಗಿತ್ತು. ಮಾವ ಓದಿಸಿ ಕೇಳಿ, ಸಾಕು, ಚೆನ್ನಾಗಿದೆ ಅಂದರು. ಅಳಿಯ ಒಪ್ಪಲಿಲ್ಲ, ಇನ್ನೂ ಅರ್ಥ ಪೂರ್ತಿ ಆಗಿಲ್ಲ ಅಂತ ನಾಲ್ಕನೆಯದನ್ನು ಬರೆದರು. ಇನ್ನೂ ಒಂದು ಸೇರಿಸುತ್ತೇನೆ ಅಂತ ಅಂಗಲಾಚಿದರು. ಮಾವ ಜಪ್ಪಯ್ಯ ಅನ್ನಲಿಲ್ಲ. ಹಾಗೆ ನಾಲ್ಕೇ ಚರಣ ಉಳಿಯಿತು. ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸ ಅನ್ನುತ್ತಾರೆ. ಮಾರನೇ ಬೆಳಗ್ಗೆ ರೆಕ್ಸಮ್ ಚರ್ಚಿನಲ್ಲಿ ಹಾಡಿಯೂ ಆಯಿತು.

ಹಾಡಿನಲ್ಲಿ ಏನಿದೆ? ಗ್ರೀನ್‌ಲ್ಯಾಂಡಿನ ಹಿಮದ ಬೆಟ್ಟ ಇದೆ. ಇಂಡಿಯಾದ ಹವಳದ ದಂಡೆ ಇದೆ. ಆಫ್ರಿಕಾದ ಚಿನ್ನದ ಮರಳಿದೆ. ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಮಸಾಲೆ ಘಮಘಮಿಸುವ ಗಾಳಿ ಕೂಡ ಇದೆ. ಎಲ್ಲ ಕಡೆಯವರೂ ನಮ್ಮನ್ನು ಕರೆಯುತ್ತಿದ್ದಾರೆ, ಬನ್ನಿ ಹೋಗೋಣ ಅನ್ನುವುದು ಹಾಡಿನ ಸಾರ. ಸಿಲೋನಿನ ಬಗ್ಗೆ ಒಂದು ಮಾತು ಬರುತ್ತದೆ: ಅಲ್ಲಿ ಕಣ್ಣಿಗೆ ಬೀಳುವುದೆಲ್ಲ ಚೆಂದ, ಮನುಷ್ಯ ಮಾತ್ರ ನೀಚ ಅಂತ. ಈಗ ನನ್ನ ಪ್ರಶ್ನೆ ಕೇಳಿ. ಬರೆದಾಗ ಎಲ್ಲಿದ್ದರು? ವೇಲ್ಸಿನಲ್ಲಿ, ಮಾವನ ಮನೆಯಲ್ಲಿ! ಸಿಲೋನ್ ನೋಡಿರಲಿಲ್ಲ. ಇಂಡಿಯಾ ನೋಡಿರಲಿಲ್ಲ. ಗ್ರೀನ್‌ಲ್ಯಾಂಡಂತೂ ಬಿಡಿ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ನಾಲ್ಕು ವರ್ಷ ಕಳೆದು, 1823ರಲ್ಲಿ, ಇದೇ ಹೀಬರ್ ಕಲ್ಕತ್ತದ ಬಿಷಪ್ ಆಗಿ ಬಂದಿಳಿದರು. ಆಗಿನ ಕಲ್ಕತ್ತ ಬಿಷಪ್ ಅಂದರೆ ಇಡೀ ಇಂಡಿಯಾ ಅವರ ಕೈಕೆಳಗೆ. ಸಿಲೋನ್ ಕೂಡ. ಮರುವರ್ಷದಿಂದ ಆಸ್ಟ್ರೇಲಿಯಾ ಬೇರೆ ಸೇರಿಕೊಂಡಿತು. ಒಬ್ಬ ಮನುಷ್ಯ! 1824ರಲ್ಲಿ ದೋಣಿ ಹತ್ತಿ ಗಂಗೆಯ ಮೇಲೆ ಹೊರಟರು. ಢಾಕಾ, ಕಾಶಿ, ಅಲ್ಮೋರಾ, ದೆಹಲಿ ಸುತ್ತಿ ಮರುವರ್ಷ ಮುಂಬಯಿ ತಲುಪಿದರು. ದಾರಿಯುದ್ದಕ್ಕೂ ದಿನಚರಿ ಬರೆದರು, ಚಿತ್ರ ಬಿಡಿಸಿದರು. ಆ ದಿನಚರಿ ಓದಬೇಕು ನೀವು. ಇಲ್ಲಿನ ಜನರ ವಿನಯ, ಬುದ್ಧಿ, ನಡತೆಯನ್ನು ಹೊಗಳುತ್ತಾರೆ. ಇಂಗ್ಲಿಷರ ದರ್ಪ ಕಂಡರೆ ಅವರಿಗೆ ಆಗುತ್ತಿರಲಿಲ್ಲ.

1825ರಲ್ಲಿ ಸಿಲೋನಿಗೂ ಹೋದರು. ಅದಕ್ಕೂ ಒಂದು ವರ್ಷ ಮೊದಲೇ, ಸಿಲೋನಿನಲ್ಲಿ ಕೆಲಸ ಮಾಡುತ್ತಿದ್ದ ಕ್ರಿಶ್ಚಿಯನ್ ಡೇವಿಡ್ ಎಂಬ ತಮಿಳರನ್ನು ಕಲ್ಕತ್ತೆಗೆ ಕರೆಸಿ ತಮ್ಮ ಕೈಯಾರೆ ಪಾದ್ರಿಯಾಗಿ ಅಭಿಷೇಕ ಮಾಡಿದ್ದರು. ಮನುಷ್ಯ ನೀಚ ಅಂತ ಬರೆದ ಕೈಯೇ ಆ ಮನುಷ್ಯನ ತಲೆಯ ಮೇಲೆ ಕೂತಿತು, ಅಲ್ವಾ? ನನಗೆ ಹೀಬರ್ ಇಷ್ಟವಾಗುವುದು ಇಲ್ಲಿ. ಹಾಡಿನಲ್ಲಲ್ಲ.

ಆದರೆ ಹಾಡು ಅಷ್ಟು ಹೊತ್ತಿಗೆ ಕೈ ಮೀರಿ ಹೋಗಿತ್ತು. ಅಮೆರಿಕದ ಸವಾನಾ ಊರಿನಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದ ಲೋವೆಲ್ ಮೇಸನ್ ಅದಕ್ಕೊಂದು ರಾಗ ಕಟ್ಟಿದರು. ರಾಗ ಎಂಥದ್ದು ಅಂದರೆ, ಒಮ್ಮೆ ಕೇಳಿದರೆ ಬಾಯಲ್ಲಿ ಕೂರುತ್ತದೆ. ಲೋಕದ ಮೂಲೆಮೂಲೆಗೂ ಹೋಯಿತು. ನೂರು ವರ್ಷ ಕಳೆದರೂ ಮುಳ್ಳು ಹೋಗಿರಲಿಲ್ಲ. 1925ರಲ್ಲಿ ಗಾಂಧೀಜಿ ಕಲ್ಕತ್ತೆಯಲ್ಲಿ ಮಿಶನರಿಗಳ ಎದುರಿಗೇ ನಿಂತು, ಹೀಬರರ ಈ ಸಾಲು ನನಗೆ ಚುಚ್ಚುತ್ತದೆ, ಅವರು ಬರೆಯಬಾರದಿತ್ತು ಅಂದರು. ಸುಮ್ನೆ ಒಂದು ಶನಿವಾರ ಬರೆದ ಸಾಲು!

ಹೀಬರ್ ಅದನ್ನೆಲ್ಲ ನೋಡಲು ಬದುಕಿರಲಿಲ್ಲ. 1826ರ ಈಸ್ಟರಿಗೆ ತಂಜಾವೂರಿನಲ್ಲಿದ್ದರು. ಅಲ್ಲಿಂದ ತಿರುಚಿನಾಪಳ್ಳಿಗೆ ಬಂದರು. ಏಪ್ರಿಲ್ 3ರ ಬೆಳಗ್ಗೆ ಕೋಟೆಯೊಳಗೆ ತಮಿಳು ಸಭೆಯ ಆರಾಧನೆ ನಡೆಸಿದರು. ದಕ್ಷಿಣದ ಬಿಸಿಲು ಗೊತ್ತಲ್ಲ ನಿಮಗೆ. ಬಂಗಲೆಗೆ ಬಂದು ಸ್ನಾನದ ಕೊಳಕ್ಕೆ ಇಳಿದರು. ಎಷ್ಟು ಹೊತ್ತಾದರೂ ಸದ್ದಿಲ್ಲ. ಆಳು ಬಾಗಿಲು ತೆರೆದು ನೋಡಿದರೆ ನೀರಿನಲ್ಲಿ ದೇಹ ಇತ್ತು. ವಯಸ್ಸು ಇನ್ನೂ 42. ಸಮಾಧಿ ಅಲ್ಲಿಯ ಸೇಂಟ್ ಜಾನ್ ಚರ್ಚಿನಲ್ಲಿದೆ. ಆ ಕಡೆ ಹೋಗುವವರು ಶ್ರೀರಂಗ ಮುಗಿಸಿಕೊಂಡು ಒಂದು ಗಳಿಗೆ ಅಲ್ಲಿಗೂ ಹೋಗಿ ಬನ್ನಿ.

ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ. ಹೀಬರ್ ಒಬ್ಬರೇ ಸಮಯ ತಿಂದುಬಿಟ್ಟರು. ಉಳಿದವರನ್ನು ಬೇಗ ಬೇಗ ಹೇಳುತ್ತೇನೆ.

ಜೇಮ್ಸ್ ಮಾಂಟ್‌ಗೊಮೆರಿ. ಹುಟ್ಟಿದ್ದು 1771, ಸ್ಕಾಟ್ಲೆಂಡಿನಲ್ಲಿ. ಹುಡುಗನನ್ನು ಶಾಲೆಯಲ್ಲಿ ಬಿಟ್ಟು ಅಪ್ಪ ಅಮ್ಮ ಮಿಶನರಿಗಳಾಗಿ ವೆಸ್ಟ್ ಇಂಡೀಸಿಗೆ ಹೋದರು. ಇಬ್ಬರೂ ಅಲ್ಲೇ ತೀರಿಕೊಂಡರು. ಹುಡುಗ ಬ್ರೆಡ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಓಡಿಹೋದ. ಮುಂದೆ ಶೆಫೀಲ್ಡಿನಲ್ಲಿ ಪತ್ರಿಕೆಯ ಸಂಪಾದಕ. ಅಧಿಕಾರದಲ್ಲಿದ್ದವರಿಗೆ ಹಿಡಿಸದ್ದನ್ನು ಅಚ್ಚು ಹಾಕಿದ್ದಕ್ಕೆ ಎರಡು ಸಲ ಜೈಲು. ಇವರೂ ಮಿಶನ್ ಹಾಡು ಬರೆದರು, ಬೈಬಲಿನ 72ನೇ ಕೀರ್ತನೆಯನ್ನು ಹಿಡಿದು, 1821ರಲ್ಲಿ. ಅದರಲ್ಲಿ ರಾಜ ಬರುವುದು ಸೆರೆಯಲ್ಲಿರುವವರನ್ನು ಬಿಡಿಸಲು, ಬಡವರ ಮೇಲಿನ ದಬ್ಬಾಳಿಕೆ ಮುರಿಯಲು. ಸೆರೆಮನೆ ಅಂದರೇನು ಅಂತ ಒಳಗಿದ್ದು ಬಂದವರು ಬರೆದದ್ದು. ವ್ಯತ್ಯಾಸ ಕೇಳಿಸುತ್ತಿದೆಯಾ?

ಫ್ರಾನ್ಸಿಸ್ ಹ್ಯಾವರ್ಗಲ್. ನನ್ನ ಜೀವ ತೆಗೆದುಕೋ, ನನ್ನ ಬೆಳ್ಳಿ ಬಂಗಾರ ತೆಗೆದುಕೋ ಅಂತ 1874ರಲ್ಲಿ ಬರೆದ ಹೆಣ್ಣುಮಗಳು. ಯಾವ ಮಿಶನ್ನಿಗೂ ಹೋಗಲಿಲ್ಲ, ಸದಾ ಕಾಯಿಲೆ. ಆದರೆ ಈ ಹಾಡಿನಲ್ಲಿ ಬೇರೆಯವರ ದೇಶದ ಬಗ್ಗೆ ಬರೆಯಲಿಲ್ಲ, ತನ್ನ ಮನೆಯ ಪೆಟ್ಟಿಗೆಯ ಬಗ್ಗೆ ಬರೆದರು. ನಾಲ್ಕು ವರ್ಷ ಬಿಟ್ಟು ತಮ್ಮ ಒಡವೆಯನ್ನು ಪೆಟ್ಟಿಗೆ ಸಮೇತ ಲಂಡನ್ನಿನ ಮಿಶನ್ ಕಚೇರಿಗೆ ಕಳಿಸಿಬಿಟ್ಟರು. ಹೆಚ್ಚುಕಡಿಮೆ ಐವತ್ತು ಒಡವೆ! ಉಳಿಸಿಕೊಂಡದ್ದು ಒಂದೆರಡು ಮಾತ್ರ.

ಕೃಷ್ಣ ಪಾಲ್. ಬಂಗಾಳದ ಬಡಗಿ. ಜಾರಿ ಬಿದ್ದು ತೋಳು ಸರಿದಾಗ ಶ್ರೀರಾಮಪುರದ ಮಿಶನ್ ಡಾಕ್ಟರು ಕೂಡಿಸಿದರು. ಆ ಪರಿಚಯವೇ ಬೆಳೆದು 1800ರ ಡಿಸೆಂಬರಿನಲ್ಲಿ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಆಯಿತು. ಇವರ ಬಂಗಾಳಿ ಹಾಡನ್ನು ಮಾರ್ಷ್‌ಮನ್ ಇಂಗ್ಲಿಷಿಗೆ ತಂದರು. ಹೀಬರ್ ವೇಲ್ಸಿನಲ್ಲಿ ಕೂತು ಹಾಡು ಕಟ್ಟುವ ಎಷ್ಟೋ ಮೊದಲೇ ಇಲ್ಲಿ ದೀಕ್ಷೆ ಪಡೆದು, ಇಲ್ಲಿನ ಮಾತಿನಲ್ಲಿ ಹಾಡು ಕಟ್ಟಿದವರು. ಇಂಥವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನು ನಮ್ಮವರು. ಬಾಸೆಲ್ ಮಿಶನ್ನಿನ ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದವರು. ಬಂದು ನಮ್ಮ ಹಾಡು ಕೇಳಿದರು. ದಾಸರ ಪದಗಳನ್ನು ಸೇರಿಸಿ 1850ರಲ್ಲಿ ಅಚ್ಚು ಹಾಕಿಸಿದರು. ಕಿಟ್ಟೆಲ್ 1853ರಲ್ಲಿ ಬಂದರು. ನಿಘಂಟಿನ ಕಿಟ್ಟೆಲ್ ಎಲ್ಲರಿಗೂ ಗೊತ್ತು, ಬೆಂಗಳೂರಿನಲ್ಲಿ ಪ್ರತಿಮೆಯೂ ಇದೆ. ಆದರೆ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ, ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಾಗಿಸಿ ‘ಕಥಾಮಾಲೆ’ ಅಂತ ಬರೆದರು. ಜರ್ಮನಿಯ ರಾಗಕ್ಕೆ ಕನ್ನಡ ತುರುಕಲಿಲ್ಲ. ಅದನ್ನು ಯಾರೂ ಹಾಡುವುದಿಲ್ಲ, ನನಗೆ ಅದೇ ಸಿಟ್ಟು. ಯಾವುದಾದರೂ ಊರಿನ ಗಾಯನ ಮಂಡಳಿಯವರು ಹಾರ್ಮೋನಿಯಂ ಹಿಡಿದು ಅದರ ಒಂದೆರಡು ಪದ್ಯ ಕೂಡಿಸಿಕೊಂಡರೆ ಆಕಾಶವಾಣಿಗೆ ಒಂದು ಕಾಗದ ಹಾಕಿ. ಬಸ್ಸು ಹತ್ತಿ ಬಂದು ಕೇಳುತ್ತೇನೆ.

ನಮಸ್ಕಾರ.