ಊರಿಗೆ ಹೊರಡುವ ಮೊದಲು ದುಬೈನಲ್ಲಿ ಕಾರು ಮಾರಿದ್ದು

ಎಲ್ಲರಿಗೂ ನಮಸ್ಕಾರ. ಈಗ ನಿಮಗೆ ಕಾಣ್ತಾ ಇರುವುದು ನಮ್ಮ 2018ರ ಬಿಳಿ ಕೊರೊಲ್ಲಾ. ನಾವು ದುಬೈ ಬಿಟ್ಟು ಪೂರ್ತಿಯಾಗಿ ಉಡುಪಿಗೆ ವಾಪಸ್ ಹೋಗುವುದು ಅಂತ ಮನೆಯಲ್ಲಿ ತೀರ್ಮಾನ ಆದ ಮೇಲೆ ಮೊದಲು ಕೈಗೆತ್ತಿಕೊಂಡ ಕೆಲಸವೇ ಈ ಕಾರು ಮಾರುವುದು. ಮಾರಿ ಆಯ್ತು. ಆಗಾಗ ಮೊಬೈಲಿನಲ್ಲಿ ಹಿಡಿದಿಟ್ಟದ್ದನ್ನೆಲ್ಲ ಜೋಡಿಸಿ ಈಗ ವಾಯ್ಸ್ ಕೊಡ್ತಾ ಇದ್ದೇನೆ.

ನಾನು ಹೇಳ್ಬೇಕಾದ ಮುಖ್ಯ ವಿಷಯ ಮೊದಲೇ ಹೇಳಿಬಿಡ್ತೇನೆ. ವೀಸಾ ಕ್ಯಾನ್ಸಲ್ ಆಗುವ ಮೊದಲು ಕಾರು ನಿಮ್ಮ ಹೆಸರಿನಿಂದ ಹೋಗಿರಬೇಕು. ಇಲ್ಲಿ ನಮ್ಮದು ಅಂತ ಇರುವ ಎಲ್ಲವೂ ನಿಂತಿರುವುದು ಎಮಿರೇಟ್ಸ್ ಐಡಿಯ ಮೇಲೆ. ಮುಲ್ಕಿಯಾ ಅಂದ್ರೆ ನಮ್ಮಲ್ಲಿಯ ಆರ್‌ಸಿ, ಅದೂ ಐಡಿಗೆ. ಇನ್ಶೂರೆನ್ಸ್, ಬ್ಯಾಂಕ್ ಅಕೌಂಟ್, ಮೊಬೈಲ್ ಸಿಮ್ ಎಲ್ಲ ಅದಕ್ಕೇ. ಐಡಿ ಹೋಯ್ತು ಅಂದ್ರೆ ಒಂದೊಂದೇ ಬಾಗಿಲು ಹಾಕ್ಲಿಕ್ಕೆ ಶುರುವಾಗುತ್ತದೆ. ವೀಸಾ ಕ್ಯಾನ್ಸಲ್ ಮಾಡ್ಲಿಕ್ಕೆ ಕಂಪನಿಯ ಎಚ್‌ಆರ್ ಪಾಸ್‌ಪೋರ್ಟ್ ಕೇಳಿದ ಮೇಲೆ ಕಾರಿನ ಬಗ್ಗೆ ಯೋಚನೆ ಮಾಡುವವರನ್ನು ನಾನು ತುಂಬ ನೋಡಿದ್ದೇನೆ. ಆಗ ಕೊಳ್ಳುವವರು ಹೇಳಿದ್ದೇ ರೇಟು.

ಊರಿನಿಂದ ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ, "ಅಷ್ಟು ಒಳ್ಳೆ ಕಾರು ಮಾರುವುದು ಯಾಕೆ ಮಾರಾಯ್ರೆ, ಹಡಗಿನಲ್ಲಿ ತರ್ಲಿಕ್ಕೆ ಆಗುವುದಿಲ್ವಾ?" ಆಗುವುದಿಲ್ಲ. ಯುಎಇಯಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಸ್ಟೀರಿಂಗ್ ಇರುವುದು ಎಡಕ್ಕೆ. ಭಾರತಕ್ಕೆ ಹಳೆ ಕಾರು ತರಬೇಕಾದ್ರೆ ಸ್ಟೀರಿಂಗ್ ಬಲಗಡೆ ಇರಬೇಕು, ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು. ಅದರ ಮೇಲೆ ಕಾರಿನ ಬೆಲೆಯನ್ನೇ ಮೀರಿಸುವ ಸುಂಕ. ಗಲ್ಫಿನಲ್ಲಿ ಕೊಂಡ ಕಾರು ಗಲ್ಫಿನಲ್ಲೇ ಉಳಿಯುವುದು. ಮನಸ್ಸಿಗೆ ಕಷ್ಟ ಆಗುತ್ತದೆ, ನಮ್ಮ ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದದ್ದು ಇದೇ ಕಾರಿನಲ್ಲಿ. ಆದ್ರೂ ಬೇರೆ ದಾರಿ ಇಲ್ಲ.

ಈಗ ರೇಟಿನ ವಿಷಯ. ಹಳೆ ಸಾಮಾನು, ಕಾರು ಮಾರುವ ಜಾಹೀರಾತಿನ ಆ್ಯಪ್ ಡುಬಿಝಲ್ ತೆರೆದು ನೋಡಿ, "ಲೀವಿಂಗ್ ಕಂಟ್ರಿ, ಅರ್ಜೆಂಟ್ ಸೇಲ್" ಅಂತ ಸಾಲು ಸಾಲು ಜಾಹೀರಾತು. ದಯವಿಟ್ಟು ಹಾಗೆ ಬರೀಬೇಡಿ. ಅದನ್ನು ಓದಿದ ಕೂಡಲೇ ಎದುರಿನವರಿಗೆ ಗೊತ್ತಾಗುತ್ತದೆ, ನಿಮಗೆ ಒಂದು ತಾರೀಕು ಉಂಟು, ಅವರಿಗೆ ಇಲ್ಲ. ನನಗೆ ವಾಟ್ಸಾಪ್‌ನಲ್ಲಿ ಬಂದ ಮೆಸೇಜ್‌ಗಳಲ್ಲಿ ಹೆಚ್ಚಿನವು "ಲಾಸ್ಟ್ ಪ್ರೈಸ್ ಭಾಯ್?" ಅಷ್ಟೇ. ಎರಡನೇ ಮೆಸೇಜ್ "ಕಬ್ ಜಾ ರಹೇ ಹೋ?" ಯಾವಾಗ ಹೋಗುವುದು ಅಂತ. ಮಾರುವುದು ಯಾಕೆ ಅಂತ ಕೇಳಿದವರಿಗೆ ನಾನು ಸುಳ್ಳು ಹೇಳ್ಲಿಲ್ಲ, ಊರಿಗೆ ಹೋಗ್ತೇವೆ ಅಂದೆ. ತಾರೀಕು ಮಾತ್ರ ಹೇಳ್ಲಿಲ್ಲ, ಅದು ನಮ್ಮ ಮನೆಯ ವಿಷಯ.

ರಾಸ್ ಅಲ್ ಖೋರ್‌ನ ಹಳೆ ಕಾರಿನ ಮಾರ್ಕೆಟ್‌ಗೂ ಹೋದೆ, ಜನ ಅದನ್ನು ಅವೀರ್ ಮಾರ್ಕೆಟ್ ಅಂತಲೇ ಕರೆಯುವುದು. ಶೋರೂಮಿನ ಎದುರು ಕಾರು ನಿಲ್ಲಿಸಿದ ಕೂಡಲೇ ನಾಲ್ಕು ಜನ ಸುತ್ತ ಬಂದು ಬಾನೆಟ್ ತೆರೆಸ್ತಾರೆ, ಪೇಂಟ್ ಅಳೆಯುವ ಸಣ್ಣ ಮೆಶಿನ್ ಹಿಡಿದು ಒಂದೊಂದೇ ಬಾಗಿಲು ನೋಡ್ತಾರೆ. ಅಲ್ಲಿ ಸಿಕ್ಕಿದ ರೇಟು 30,000 ದಿರ್ಹಮ್. ಆನ್‌ಲೈನ್‌ನಲ್ಲಿ ಕಾರು ಕೊಳ್ಳುವ ಒಂದು ಕಂಪನಿಯವರು ತಪಾಸಣೆ ಮಾಡಿ 31,500 ಅಂದ್ರು. ಅವರು ಮತ್ತೆ ಮಾರಿ ಲಾಭ ಮಾಡ್ಬೇಕು, ಹಾಗಾಗಿ ಕಡಿಮೆ ಹೇಳ್ತಾರೆ, ಅದರಲ್ಲಿ ಮೋಸ ಎಂತದೂ ಇಲ್ಲ. ಕೈಯಲ್ಲಿ ಸಮಯ ಇಲ್ಲದವರಿಗೆ ಅದು ಒಳ್ಳೆಯ ದಾರಿಯೇ. ನಮ್ಮ ಹತ್ರ ಸಮಯ ಇತ್ತು, ಕಾದೆವು. ಕೊನೆಗೆ ಸ್ವಂತಕ್ಕೆ ಕಾರು ಹುಡುಕ್ತಾ ಇದ್ದ ಒಬ್ಬರು ಮಲಯಾಳಿ ನರ್ಸ್ 36,000ಕ್ಕೆ ತಗೊಂಡ್ರು.

ಅವರು ಕಾರು ನೋಡ್ಲಿಕ್ಕೆ ಬಂದಾಗ ಜೊತೆಗೆ ಅವರ ಅಣ್ಣನೂ ಬಂದಿದ್ರು. ಮೊದಲು ಮಾಡಿದ ಕೆಲಸ, ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದ್ದು. ಆಮೇಲೆ ಕಾರ್ಪೆಟ್ ಎತ್ತಿ ವಾಸನೆ ನೋಡಿದ್ರು, ಸೀಟಿನ ಕೆಳಗಿನ ಬೋಲ್ಟ್‌ಗಳಿಗೆ ಟಾರ್ಚ್ ಬಿಟ್ರು. ಯಾಕೆ ಗೊತ್ತುಂಟಾ? 2024ರ ಏಪ್ರಿಲ್ 16ರ ಮಳೆ. 1949ರಿಂದ ಲೆಕ್ಕ ಇಡ್ಲಿಕ್ಕೆ ಶುರು ಮಾಡಿದ ಮೇಲೆ ಈ ದೇಶದಲ್ಲಿ ಅಷ್ಟು ಮಳೆ ಬಂದದ್ದೇ ಇಲ್ಲ. ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯ ಒಳಗೆ 254 ಮಿಲಿಮೀಟರ್. ನಮ್ಮ ಕರಾವಳಿಯವರಿಗೆ ಜುಲೈಯಲ್ಲಿ ಅದು ಕಂಡು ಕೇಳಿದ ಮಳೆ, ಆದ್ರೆ ಇಲ್ಲಿ ನೀರು ಹರಿದು ಹೋಗ್ಲಿಕ್ಕೆ ದಾರಿಯೇ ಇರಲಿಲ್ಲ. ರಸ್ತೆಯಲ್ಲಿ, ಬೇಸ್‌ಮೆಂಟ್‌ಗಳಲ್ಲಿ ಎಷ್ಟೋ ಕಾರುಗಳು ಮುಳುಗಿದವು. ಅದರಲ್ಲಿ ಕೆಲವು ಒಣಗಿಸಿ, ಪಾಲಿಶ್ ಮಾಡಿಸಿ ಮಾರಾಟಕ್ಕೆ ಬಂದವು. ಸೀಟ್ ಬೆಲ್ಟಿನ ಒಳಗೆ ಸುತ್ತಿಕೊಂಡಿರುವ ಭಾಗವನ್ನು ಯಾರೂ ತೊಳೆಯುವುದಿಲ್ಲ, ಕೆಸರಿನ ಗುರುತು ಅಲ್ಲಿ ಉಳಿದಿರುತ್ತದೆ.

ಅವರು ಹಾಗೆ ನೋಡಿದ್ದು ನನಗೆ ಖುಷಿಯೇ ಆಯ್ತು. ನಾನೇ ಹೇಳಿದೆ, ಟೆಸ್ಟಿಂಗ್ ಸೆಂಟರಿಗೆ ಹೋಗಿ ಪೂರ್ತಿ ತಪಾಸಣೆ ಮಾಡಿಸಿ, ನಾನೇ ಕಾರು ತರ್ತೇನೆ ಅಂತ. ಏಜೆನ್ಸಿಯ ಸರ್ವಿಸ್ ಹಿಸ್ಟರಿ ಪ್ರಿಂಟ್ ತೆಗೆದು ಕೊಟ್ಟೆ. ಹಿಂದಿನ ಬಂಪರ್ ಒಮ್ಮೆ ಪೇಂಟ್ ಆಗಿದೆ ಅಂತ ಮೊದಲೇ ಹೇಳಿದೆ. ಟಯರಿನ ಮೇಲೆ ತಯಾರಾದ ವಾರ, ವರ್ಷ ಒತ್ತಿರುತ್ತದೆ, ಅದನ್ನೂ ತೋರಿಸಿದೆ. ಈ ಬಿಸಿಲಿಗೆ ಟಯರ್ ಬೇಗ ಹಾಳಾಗುವುದರಿಂದ ಇಲ್ಲಿ ಐದು ವರ್ಷ ದಾಟಿದ ಟಯರ್ ಓಡಿಸುವ ಹಾಗಿಲ್ಲ. ಜಿಸಿಸಿ ಸ್ಪೆಕ್ ಹೌದಾ ಅಂತಲೂ ಎಲ್ಲರೂ ಕೇಳ್ತಾರೆ, ಅಂದ್ರೆ ಗಲ್ಫಿನ ಸೆಕೆಗೆ ಅಂತಲೇ ರೇಡಿಯೇಟರ್, ಎಸಿ ಕೂಡಿಸಿದ ಕಾರು. ಅಮೆರಿಕದಿಂದ ಅಪಘಾತವಾಗಿ ಬಂದು ಇಲ್ಲಿ ರಿಪೇರಿ ಆದ ಕಾರುಗಳಿಗೆ ರೇಟು ಕಡಿಮೆ.

ನಮ್ಮ ಕಾರಿಗೆ ಸಾಲ ಇರಲಿಲ್ಲ. ಸಾಲ ಇದ್ದವರಿಗೆ ಇದರಷ್ಟು ತಲೆಬಿಸಿಯ ವಿಷಯ ಬೇರೆ ಇಲ್ಲ, ಸ್ವಲ್ಪ ಬಿಡಿಸಿ ಹೇಳ್ತೇನೆ. ಬ್ಯಾಂಕಿನ ಅಡಮಾನ ಮುಲ್ಕಿಯಾದಲ್ಲೇ ದಾಖಲಾಗಿರುತ್ತದೆ, ಅದು ಬಿಡುಗಡೆ ಆಗದೆ ಕಾರು ಬೇರೆಯವರ ಹೆಸರಿಗೆ ಹೋಗುವುದಿಲ್ಲ. ಕೊಳ್ಳುವವರು ಕಾರು ಹೆಸರಿಗೆ ಆಗದೆ ಹಣ ಕೊಡುವುದಿಲ್ಲ, ನಮ್ಮ ಹತ್ರ ಸಾಲ ತೀರಿಸ್ಲಿಕ್ಕೆ ಹಣ ಇಲ್ಲ. ನನ್ನ ಸ್ನೇಹಿತರೊಬ್ಬರು ಇದಕ್ಕೆ ಮಾಡಿದ ಉಪಾಯ ಸರಿಯಾದದ್ದು. ಬ್ಯಾಂಕಿನಿಂದ ಬಾಕಿ ಎಷ್ಟು ಅಂತ ಲಯಬಿಲಿಟಿ ಲೆಟರ್ ತೆಗೆದುಕೊಂಡ್ರು. ಕೊಳ್ಳುವವರನ್ನು ಬ್ರಾಂಚಿಗೇ ಕರ್ಕೊಂಡು ಹೋಗಿ, ಬಾಕಿಯಷ್ಟು ಹಣವನ್ನು ಅವರ ಎದುರೇ ಸಾಲದ ಅಕೌಂಟಿಗೆ ಕಟ್ಟಿಸಿ, ರಶೀದಿ ಅವರ ಕೈಗೆ ಕೊಟ್ರು. ಉಳಿದ ಹಣ ಹೆಸರು ಬದಲಾಗುವ ದಿನ ಅಂತ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ರು. ಅಡಮಾನ ಬಿಡುಗಡೆ ಆಗ್ಲಿಕ್ಕೆ ಕೆಲವು ದಿನ ಬೇಕು, ಅದನ್ನೂ ಲೆಕ್ಕಕ್ಕೆ ಹಿಡೀಬೇಕು.

ಹೆಸರು ಬದಲಾಯಿಸುವ ದಿನ ಮಾತ್ರ ಸುಲಭದಲ್ಲಿ ಆಯ್ತು. ಟೆಸ್ಟಿಂಗ್ ಸೆಂಟರಿನಲ್ಲಿ ಕಾರಿನ ಟೆಸ್ಟ್ ಪಾಸ್ ಆಗಿರಬೇಕು, ಫೈನ್ ಎಲ್ಲ ಕಟ್ಟಿರಬೇಕು. ಶಾರ್ಜಾದಲ್ಲಿ ಬಿದ್ದ ಫೈನ್ ಆದ್ರೂ, ಅಬುಧಾಬಿಯಲ್ಲಿ ಬಿದ್ದದ್ದು ಆದ್ರೂ ಇಲ್ಲಿಯ ಕಂಪ್ಯೂಟರಿನಲ್ಲಿ ಕಾಣುತ್ತದೆ. ಕೊಳ್ಳುವವರು ತಮ್ಮ ಹೆಸರಿನಲ್ಲಿ ಇನ್ಶೂರೆನ್ಸ್ ಮಾಡಿಸಿಕೊಂಡು ಬರಬೇಕು. ಇಬ್ಬರ ಎಮಿರೇಟ್ಸ್ ಐಡಿ ಇದ್ರೆ ಸೆಂಟರಿನಲ್ಲಿ ಹೆಸರು ಬದಲಾಯಿಸಿ ಹೊಸ ಮುಲ್ಕಿಯಾ ಕೊಡ್ತಾರೆ.

ಹಣದ ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಕರಗಬೇಡಿ. ಸ್ವಂತ ಚೆಕ್ ಬೇಡ. 2022ರ ಜನವರಿಯಿಂದ ಕಾನೂನು ಬದಲಾಗಿದೆ, ಅಕೌಂಟಿನಲ್ಲಿ ಹಣ ಇಲ್ಲದೆ ಚೆಕ್ ಬೌನ್ಸ್ ಆದ್ರೆ ಮೊದಲಿನ ಹಾಗೆ ಕ್ರಿಮಿನಲ್ ಕೇಸ್ ಆಗುವುದಿಲ್ಲ. ವಸೂಲಿಗೆ ಕೋರ್ಟಿನ ಬೇರೆ ದಾರಿ ಉಂಟು, ಆದ್ರೆ ಊರಿಗೆ ಹೋಗಿ ಕೂತವರು ಅದರ ಹಿಂದೆ ಬೀಳುವುದು ಹೇಗೆ ಹೇಳಿ? ಮ್ಯಾನೇಜರ್ಸ್ ಚೆಕ್, ಅಂದ್ರೆ ಬ್ಯಾಂಕೇ ಬರೆದು ಕೊಡುವ ಚೆಕ್ ಆದ್ರೆ ಅದನ್ನು ಕೊಟ್ಟ ಬ್ಯಾಂಕಿಗೇ ಹೋಗಿ ಖಾತ್ರಿ ಮಾಡ್ಕೊಳ್ಳಿ. ನಾವು ಬ್ಯಾಂಕಿನೊಳಗೆ ನಿಂತು ನಗದನ್ನು ಡೆಪಾಸಿಟ್ ಮೆಶಿನ್‌ಗೆ ಹಾಕಿ, ಅಕೌಂಟಿನಲ್ಲಿ ಕಂಡ ಮೇಲೆ ಎಲ್ಲರೂ ಒಟ್ಟಿಗೆ ಸೆಂಟರಿಗೆ ಹೋದದ್ದು.

"ಕಾರು ಈಗ ಕೊಡಿ, ಪೇಪರ್ ನಾಳೆ ಮಾಡುವ" ಅಂತ ಹೇಳುವವರೂ ಬರ್ತಾರೆ. ನಿಮ್ಮ ಊರಿನವರೇ ಆದ್ರೂ ಬೇಡ. ಆ ಒಂದು ರಾತ್ರಿ ಆಗುವ ಅಪಘಾತ, ಬೀಳುವ ಫೈನ್, ಎಲ್ಲ ನಿಮ್ಮ ಹೆಸರಿಗೆ.

ಸಾಲಿಕ್, ಅಂದ್ರೆ ದುಬೈಯ ರಸ್ತೆ ಟೋಲ್, ಮರೀಬೇಡಿ. ಗಾಜಿಗೆ ಅಂಟಿಸಿದ ಆ ಸಣ್ಣ ಟ್ಯಾಗ್ ನಿಮ್ಮ ಅಕೌಂಟಿನದ್ದು. ಆ್ಯಪ್‌ನಲ್ಲಿ ಅದನ್ನು ನಿಲ್ಲಿಸದೆ ಕಾರು ಕೊಟ್ರೆ ಹೊಸಬರು ಗೇಟ್ ದಾಟಿದಾಗೆಲ್ಲ ಹೊತ್ತಿಗೆ ತಕ್ಕ ಹಾಗೆ 4 ಅಥವಾ 6 ದಿರ್ಹಮ್ ನಿಮ್ಮಿಂದ ಹೋಗುತ್ತದೆ. ಅಬುಧಾಬಿಯ ಟೋಲ್ ದರ್ಬ್‌ಗೆ ಟ್ಯಾಗ್ ಇಲ್ಲ, ಕ್ಯಾಮರಾ ನಂಬರ್ ಪ್ಲೇಟ್ ನೋಡಿ ಹಣ ತೆಗೆಯುವುದು, ಆ ಅಕೌಂಟಿನಿಂದಲೂ ಕಾರು ತೆಗೀಬೇಕು. ಆಮೇಲೆ ನಿಮ್ಮ ಇನ್ಶೂರೆನ್ಸ್ ರದ್ದು ಮಾಡಿಸಿ, ಪಾಲಿಸಿಯ ಅವಧಿ ಬಾಕಿ ಇದ್ರೆ ಸ್ವಲ್ಪ ಹಣ ವಾಪಸ್ ಬರುತ್ತದೆ. ಅದು ಬಂದು ಸೇರ್ಲಿಕ್ಕೂ ಬ್ಯಾಂಕ್ ಅಕೌಂಟ್ ಬೇಕಲ್ವಾ, ಅದಕ್ಕೇ ನಾನು ವೀಸಾದ ಮಾತು ಮೊದಲು ಹೇಳಿದ್ದು.

ಕಾರು ಮಾರದೆ ಈಗಾಗಲೇ ಊರಿಗೆ ಬಂದಾಗಿದೆ ಅನ್ನುವವರಿಗೂ ದಾರಿ ಉಂಟು, ಪವರ್ ಆಫ್ ಅಟಾರ್ನಿ. ದುಬೈಯಲ್ಲಿ ಇರುವಾಗಲೇ ನಂಬಿಕೆಯವರ ಹೆಸರಿಗೆ ನೋಟರಿ ಮುಂದೆ ಮಾಡಿಸಿದ್ರೆ ಕೆಲಸ ಬೇಗ ಮುಗಿಯುತ್ತದೆ. ಭಾರತದಿಂದ ಮಾಡಿಸುವುದಾದ್ರೆ ಬರೀ ಅಪೊಸ್ಟಿಲ್, ಅಂದ್ರೆ ಒಪ್ಪಂದಕ್ಕೆ ಸೇರಿದ ದೇಶಗಳು ಒಪ್ಪುವ ಒಂದೇ ದೃಢೀಕರಣದ ಮುದ್ರೆ, ಸಾಕಾಗುವುದಿಲ್ಲ, ಯುಎಇ ಆ ಒಪ್ಪಂದದಲ್ಲಿ ಇಲ್ಲ. ವಿದೇಶಾಂಗ ಇಲಾಖೆಯ ದೃಢೀಕರಣ, ಯುಎಇ ರಾಯಭಾರ ಕಚೇರಿಯ ಮುದ್ರೆ, ಮತ್ತೆ ಇಲ್ಲಿಯ ವಿದೇಶಾಂಗ ಇಲಾಖೆಯದ್ದು, ಅರಬಿ ಅನುವಾದ, ಎಲ್ಲ ಆಗಬೇಕು. ಅದರಲ್ಲಿ ಕಾರು ಮಾರುವ ಅಧಿಕಾರ, ಹಣ ಪಡೆಯುವ ಅಧಿಕಾರ ಎರಡನ್ನೂ ಬೇರೆ ಬೇರೆಯಾಗಿ ಸ್ಪಷ್ಟವಾಗಿ ಬರೆಸಿ, ಕಾರಿನ ಶಾಸಿ ನಂಬರ್ ಕೂಡ ಹಾಕಿಸಿ.

ಮನೆ ಖಾಲಿ ಮಾಡುವಾಗ ದೇವಾ (DEWA), ಅಂದ್ರೆ ದುಬೈಯ ಕರೆಂಟು, ನೀರಿನ ಸಂಸ್ಥೆಯಲ್ಲಿ ಇಟ್ಟ ಡೆಪಾಸಿಟ್ ವಾಪಸ್ ತಗೊಳ್ಳುವುದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ಹೇಳ್ತೇನೆ. ಕಾರಿನ ಬಗ್ಗೆ ಎಂತಾದ್ರೂ ಕೇಳ್ಲಿಕ್ಕೆ ಇದ್ರೆ ಕೆಳಗೆ ಬರೀರಿ, ಗೊತ್ತಿದ್ದಷ್ಟು ಉತ್ತರ ಕೊಡ್ತೇನೆ.